ದೋಣಿ ಎಲ್ಲಿ ಕಟ್ತ್ರಿ?

ದೋಣಿ ಕೊಂಡದ್ದು ಎರಡೇ ದಿನದಲ್ಲಿ. ಅದನ್ನು ಎಲ್ಲಿ ಕಟ್ಟುವುದು ಅಂತ ತೀರ್ಮಾನ ಮಾಡಲು ಮಾತ್ರ ಇಡೀ ಚಳಿಗಾಲ ಹಿಡಿಯಿತು.

ನಾವಿರುವುದು ಇಂಗ್ಲೆಂಡಿನ ದಕ್ಷಿಣ ದಂಡೆಯ ಪೋರ್ಟ್‌ಚೆಸ್ಟರ್ ಎಂಬ ಊರಿನಲ್ಲಿ. ಪೋರ್ಟ್ಸ್‌ಮತ್ ಬಂದರು ಒಳಗೊಳಗೇ ಹರಡಿಕೊಂಡು ಬಂದು ಕೊನೆಗೆ ಸುಸ್ತಾಗಿ ಕೂತ ಜಾಗ ಇದು. ನನ್ನ ಆಸ್ಪತ್ರೆ ಕೆಲಸಕ್ಕಾಗಿ ಇಲ್ಲಿಗೆ ಬಂದೆವು. ನಮ್ಮವರು ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದರು. ಅವರು ತುಮಕೂರು ಕಡೆಯವರು. ಮದುವೆಯ ತನಕ ಅವರು ಕಂಡ ದೊಡ್ಡ ನೀರು ಅಂದರೆ ಕೋಡಿ ಬಿದ್ದ ಕೆರೆ. ನಾನು ಕುಂದಾಪುರದ ಹತ್ತಿರ ಒಂದು ಕುದ್ರುವಿನಲ್ಲಿ ಹುಟ್ಟಿದವಳು. ಸುತ್ತ ನೀರು, ನಡುವೆ ನಾವು. ನಮ್ಮಿಬ್ಬರಲ್ಲಿ ಹಾಯಿ ದೋಣಿಯ ಹುಚ್ಚು ಯಾರಿಗೆ ಹಿಡಿಯಬೇಕಿತ್ತು? ಹಿಡಿದದ್ದು ಅವರಿಗೆ.

ದೋಣಿಯ ಹೆಸರು ಬೇಡ, ಜಾತಿ ಹೇಳುತ್ತೇನೆ. ವೆಸ್ಟರ್ಲಿ ಸೆಂಟಾರ್. 26 ಅಡಿ ಉದ್ದ, ಒಳಗೆ ನಾಲ್ಕು ಜನ ಮಲಗಬಹುದು, ಚಹಾ ಕಾಯಿಸಲು ಒಂದು ಒಲೆ. 1969ರಿಂದ 1980ರವರೆಗೆ ಇಂಥವು ಎರಡು ಸಾವಿರದ ನಾನೂರಕ್ಕೂ ಹೆಚ್ಚು ತಯಾರಾದವು. ತಯಾರಾದದ್ದೂ ನಮ್ಮೂರ ಹಿಂದಿನ ಗುಡ್ಡದಾಚೆ, ವಾಟರ್‌ಲೂವಿಲ್ ಎಂಬಲ್ಲಿ. ಅಂದರೆ ಅದರ ತವರು ನಮಗೆ ಹತ್ತಿರ. ನನಗಿಂತ ವಯಸ್ಸಿನಲ್ಲಿ ದೊಡ್ಡದು. ಒಂದು ಹಳೇ ಕಾರಿನ ಬೆಲೆಗೆ ಸಿಕ್ಕಿತು.

ಅಮ್ಮನಿಗೆ ಫೋನು ಮಾಡಿದೆ. ಎಷ್ಟು ಕೊಟ್ಟಿರಿ ಅಂತ ಕೇಳಲಿಲ್ಲ. ಮುಳುಗುತ್ತದಾ ಅಂತಲೂ ಕೇಳಲಿಲ್ಲ. ಒಂದೇ ಪ್ರಶ್ನೆ.

"ದೋಣಿ ಎಲ್ಲಿ ಕಟ್ತ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ನೋಡ್ಬೇಕಮ್ಮ" ಅಂದೆ. "ಅಡ್ಗಿಮನಿಂದ ಕಾಣತ್ತಾ?" ಅಂತ ಇನ್ನೊಂದು ಕೇಳಿದಳು. ಅದಕ್ಕೂ ಇರಲಿಲ್ಲ.

ಕುದ್ರುವಿನಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಂಚಗಂಗಾವಳಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವ ಮುಂಚೆ ಅಲ್ಲಲ್ಲಿ ಕುದ್ರುಗಳನ್ನು ಬಳಸಿಕೊಂಡು ಹೋಗುತ್ತದೆ. ನಮ್ಮ ಹಿತ್ತಿಲ ಬದಿಯಲ್ಲಿ ಒಂದು ತೆಂಗಿನ ಮರ ಹೊಳೆಯ ಕಡೆಗೆ ಬಾಗಿತ್ತು. ದೋಣಿ ಅದಕ್ಕೆ. ಅಡುಗೆಮನೆಯ ಕಿಟಕಿ ಅದರ ನೇರಕ್ಕೆ. ಅಂಗಡಿ, ಶಾಲೆ, ಡಾಕ್ಟರು, ಮದುವೆ ಊಟ ಎಲ್ಲದಕ್ಕೂ ಅದೇ ದೋಣಿ. ಆಚೆ ದಡದಲ್ಲಿ ಯಾರಾದರೂ ಕೂ ಹಾಕಿದರೆ ಅಪ್ಪಯ್ಯ ಜಲ್ಲೆ ಹಿಡಿದು ಹೊರಡುತ್ತಿದ್ದರು. ದೋಣಿ ತಿರುಗಿ ಬರುವಾಗ ಅದರಲ್ಲಿ ಎಷ್ಟು ತಲೆ ಕಾಣುತ್ತದೆ ಅಂತ ಅಮ್ಮ ಕಿಟಕಿಯಿಂದಲೇ ಎಣಿಸಿ ಅಷ್ಟು ಅಕ್ಕಿ ಜಾಸ್ತಿ ಹಾಕುತ್ತಿದ್ದಳು. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಅಪ್ಪಯ್ಯ ಎರಡು ಕೋಲಿನ ಮಧ್ಯೆ ಹಳೇ ಪಂಚೆ ಬಿಗಿದು ಬಿಡುತ್ತಿದ್ದರು. ಅದೇ ಹಾಯಿ. ನಮ್ಮವರು ಈಗ ಬೈಹಾರ್ಟ್ ಮಾಡುತ್ತಿರುವ ಯಾವ ಹೆಸರೂ ಆ ಪಂಚೆಗೆ ಇರಲಿಲ್ಲ.

ಅಲ್ಲಿದ್ದ ವಿದ್ಯೆ ಒಂದೇ, ಹಗ್ಗವನ್ನು ಎಷ್ಟು ಸಡಿಲ ಬಿಡುವುದು ಅನ್ನುವುದು. ಭರತದ ಹೊತ್ತಿನಲ್ಲಿ ಗಿಡ್ಡವಾಗಿ ಕಟ್ಟಿದರೆ ಇಳಿತಕ್ಕೆ ದೋಣಿ ಮರದಿಂದ ಮೂತಿ ಮೇಲೆ ಮಾಡಿ ನೇತಾಡುತ್ತದೆ. ಒಮ್ಮೆ ಬೇಸಿಗೆ ರಜೆಗೆ ಬಂದ ಬೆಂಗಳೂರಿನ ಮಾವ ಹಾಗೆ ಕಟ್ಟಿದ್ದರು. ಬೆಳಿಗ್ಗೆ ನೋಡಿದರೆ ದೋಣಿ ಒಣಗಲು ಹಾಕಿದ ಬಂಗಡೆಯ ಹಾಗೆ ಇತ್ತು. ಅಲ್ಲಿ ನೀರು ಏರಿ ಇಳಿಯುವುದು ಸೊಂಟದ ಮಟ್ಟಕ್ಕೆ, ತೀರಾ ಅಂದರೆ ಎದೆಮಟ್ಟಕ್ಕೆ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆ ಕಳೆದ ದಿನಗಳಲ್ಲಿ ಸುಮಾರು 4 ಮೀಟರ್. ಮನೆಯ ಮಾಳಿಗೆಯಷ್ಟು ನೀರು ದಿನಕ್ಕೆರಡು ಸಲ ಬಂದು ಹೋಗುತ್ತದೆ. ಮಾವ ಇಲ್ಲಿ ಕಟ್ಟಿದ್ದರೆ ಏನಾಗುತ್ತಿತ್ತೋ.

ಸರಿ, ಜಾಗ ನೋಡುವ ಶಾಸ್ತ್ರ ಶುರುವಾಯಿತು. ಹೆಣ್ಣು ನೋಡಲು ಹೋದ ಹಾಗೆಯೇ. ಶನಿವಾರ ಬೆಳಿಗ್ಗೆ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೊರಡುವುದು, ಎಲ್ಲ ನೋಡುವುದು, "ತಿಳಿಸ್ತೀವಿ" ಅಂದು ಬರುವುದು. ಉಪ್ಪಿಟ್ಟು ಕೇಸರಿಬಾತ್ ಮಾತ್ರ ಎಲ್ಲೂ ಸಿಗಲಿಲ್ಲ.

ಮೊದಲು ಹೋದದ್ದು ಹ್ಯಾಂಬಲ್ ಹೊಳೆಗೆ. ಹೊಳೆ ಚಿಕ್ಕದು, ದೋಣಿ ಮೂರು ಸಾವಿರದ ಮೇಲೆ. ನೀರು ಹುಡುಕಬೇಕು. ಅಲ್ಲಿನ ಒಂದು ಮರೀನಾ ನಮ್ಮವರಿಗೆ ಕಂಡ ಕೂಡಲೇ ಹಿಡಿಸಿತು. ತೇಲುವ ಕಟ್ಟೆ, ಅದರ ಪಕ್ಕಕ್ಕೆ ದೋಣಿ. ನೀರು ಏರಿದರೆ ಕಟ್ಟೆಯೂ ಏರುತ್ತದೆ, ಹಗ್ಗದ ಚಿಂತೆ ಇಲ್ಲ. ಕರೆಂಟು, ನಲ್ಲಿ, ಬಿಸಿನೀರಿನ ಸ್ನಾನ, ಕಾಫಿ ಹೋಟೆಲು. ಚಪ್ಪಲಿ ಒದ್ದೆಯಾಗದ ಹಾಗೆ ದೋಣಿ ಹತ್ತಬಹುದು. ಬಾಡಿಗೆ ಮಾತ್ರ ರವಿಕೆ ಬಟ್ಟೆ ಅಳೆದ ಹಾಗೆ ಮೀಟರ್ ಲೆಕ್ಕ. ಮುಂದೆ ಚಾಚಿಕೊಂಡ ಲಂಗರನ್ನೂ ಸೇರಿಸಿ ಅಳೆದರು. ಕೂಡಿಸಿ ನೋಡಿದರೆ ಒಂದು ವರ್ಷದ ಬಾಡಿಗೆ ದೋಣಿಯ ಬೆಲೆಗಿಂತ ಜಾಸ್ತಿ. ನಾನು ಕೈಚೀಲ ಎತ್ತಿಕೊಂಡೆ.

ಆವತ್ತು ಅಲ್ಲಿ ಇನ್ನೊಂದು ನೋಡಿದೆ. ಬಿಸಿಲು, ಹದವಾದ ಗಾಳಿ, ಶನಿವಾರ ಬೇರೆ. ಹೊರಟ ದೋಣಿ ಕೈಬೆರಳೆಣಿಕೆಯಷ್ಟು. ಉಳಿದವೆಲ್ಲ ಸುಮ್ನೆ ನಿಂತಿದ್ದವು. ಇದು ಆ ಹೊಳೆಯ ಹಳೇ ಚಾಳಿಯೇ. ಐದನೆಯ ಹೆನ್ರಿ ರಾಜ ಸೌತಾಂಪ್ಟನ್‌ನಲ್ಲಿ 1418ರಲ್ಲಿ ಗ್ರಾಸ್ ದ್ಯೂ ಅಂತ ಒಂದು ಭಾರೀ ಹಡಗು ಕಟ್ಟಿಸಿದ. ಅದು ಕಡಲಿಗೆ ಹೋದದ್ದು ಒಂದೇ ಸಲ, 1420ರಲ್ಲಿ. ಆಗಲೂ ಆಳುಗಳು ತಿರುಗಿ ಬಿದ್ದು ದೂರ ಹೋಗಲಿಲ್ಲ. ಆಮೇಲೆ ಇದೇ ಹ್ಯಾಂಬಲ್ ಹೊಳೆಯಲ್ಲಿ ತಂದು ಕಟ್ಟಿದರು. 1439ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ದೊಡ್ಡ ಇಳಿತಕ್ಕೆ ಅದರ ಅಸ್ಥಿ ಈಗಲೂ ಕೆಸರಿನಲ್ಲಿ ತುಸು ಕಾಣುತ್ತದಂತೆ. ರಾಜನೇ ಪಾರ್ಕ್ ಮಾಡಿ ಮರೆತ ಜಾಗ ನಮಗೆ ಬೇಡ ಅಂದೆ. ನಮ್ಮವರಿಗೆ ಈ ವಾದ ಅಷ್ಟಾಗಿ ಒಪ್ಪಿಗೆ ಆಗಲಿಲ್ಲ. ದುಡ್ಡಿನ ವಾದ ಒಪ್ಪಿಗೆ ಆಯಿತು.

ಆಮೇಲೆ ಚಿಚೆಸ್ಟರ್ ಹಾರ್ಬರ್. ಅದರ ಚೆಲುವಿಗೆ ನಾನು ಅರ್ಧ ಸೋತೆ. ಅಗಲವಾದ ಹಿನ್ನೀರು, ಹುಲ್ಲು ದಂಡೆ, ಹಕ್ಕಿಗಳು. ಬೋಶಮ್ ಅನ್ನುವ ಹಳ್ಳಿಯಲ್ಲಿ ದಂಡೆಯ ರಸ್ತೆಯೇ ಭರತಕ್ಕೆ ಮುಳುಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋದವರು ತಿರುಗಿ ಬರುವಷ್ಟರಲ್ಲಿ ಕಾರಿನೊಳಗೆ ಏಡಿ ಆಡುತ್ತಿರುತ್ತದೆ. ಏರುವ ನೀರಿಗೆ ನಿಲ್ಲು ಅಂತ ಅಪ್ಪಣೆ ಮಾಡಿ ಹಳೇ ಕಾಲದ ಕನ್ಯೂಟ್ ರಾಜ ಕುರ್ಚಿ ಹಾಕಿಕೊಂಡು ಕೂತದ್ದು ಇಲ್ಲೇ ಅಂತ ಬೋಶಮ್‌ನವರ ನಂಬಿಕೆ. ಬೇರೆ ಊರಿನವರೂ ನಮ್ಮಲ್ಲೇ ಅನ್ನುತ್ತಾರೆ. ನಮ್ಮಲ್ಲಿ ಪಾಂಡವರು ಮಲಗಿದ ಗುಹೆ ಊರಿಗೊಂದು ಇಲ್ವಾ, ಹಾಗೆ.

ಅಲ್ಲಿ ಸಿಗುವುದು ಕಟ್ಟೆಯಲ್ಲ, ನಡುನೀರಿನಲ್ಲಿ ಒಂದು ತೇಲುವ ಚೆಂಡು. ಅದರ ಸರಪಳಿ ತಳದಲ್ಲಿ ಭಾರಕ್ಕೆ ಕಟ್ಟಿರುತ್ತದೆ, ದೋಣಿ ಗಾಳಿ ಬಂದ ಕಡೆ ಮುಖ ತಿರುಗಿಸಿಕೊಂಡು ನಿಂತಿರುತ್ತದೆ. ಬಾಡಿಗೆ ಕಡಿಮೆ. ಆದರೆ ದೋಣಿಗೆ ಹೋಗಲು ಇನ್ನೊಂದು ಪುಟ್ಟ ದೋಣಿ ಬೇಕು. ಆ ಪುಟ್ಟ ದೋಣಿಯನ್ನು ಎಲ್ಲಿ ಕಟ್ಟುವುದು? ಅಮ್ಮನಿಗೆ ಹೇಳಲಿಲ್ಲ. ನನ್ನ ನಿಜವಾದ ಅಂಜಿಕೆ ಬೇರೆ. ಚಿಚೆಸ್ಟರ್‌ನ ಬಾಯಲ್ಲಿ ಮರಳದಿಣ್ಣೆ ಇದೆ. ತೆಂಕಣ ಗಾಳಿ ಒಳಗೆ ನುಗ್ಗುವಾಗ, ಇಳಿತದ ನೀರು ಹೊರಗೆ ನುಗ್ಗಿದರೆ ಅಲ್ಲಿ ಅಲೆ ಎದ್ದು ನಿಲ್ಲುತ್ತದೆ. ಪುಸ್ತಕದಲ್ಲಿ ಓದಿ ತಿಳಿಯಬೇಕಾದ್ದಲ್ಲ ಇದು. ಗಂಗೊಳ್ಳಿ ಅಳಿವೆಯ ಹೆಸರು ಹೇಳುವಾಗ ನಮ್ಮ ಕಡೆ ಮೀನುಗಾರರ ದನಿ ಒಂಚೂರು ತಗ್ಗುತ್ತದೆ. ನಾನು ಅದನ್ನು ಕೇಳಿ ಬೆಳೆದವಳು. ಮೇಲಾಗಿ ಬೇಸಿಗೆಯ ಭಾನುವಾರ ಆ ದಾರಿಯಲ್ಲಿ ಬೀಚಿಗೆ ಹೋಗುವ ಕಾರುಗಳ ಸಾಲು. ದೋಣಿ ಮುಟ್ಟುವಷ್ಟರಲ್ಲಿ ಗಾಳಿ ಮುಗಿದಿರುತ್ತದೆ.

ಇನ್ನೂ ನಾಲ್ಕು ಕಡೆ ನೋಡಿದೆವು. ಒಂದು ಕಡೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಂತೆ. ಇನ್ನೊಂದು ಕಡೆ ಶೌಚಾಲಯ ನೋಡಿ ಮಗಳು ಕಾರಿನಿಂದ ಇಳಿಯಲೇ ಇಲ್ಲ. ಸೌತಾಂಪ್ಟನ್‌ನಲ್ಲಿ ಭರತ ಎರಡೆರಡು ಸಲ ಅಂತ ನಮ್ಮವರು ಒಂದು ಕೊಂಡರೆ ಒಂದು ಫ್ರೀ ಸಿಕ್ಕಿದವರ ಹಾಗೆ ಕುಣಿದರು. ಒಮ್ಮೆ ಏರಿ, ತುಸು ಇಳಿದು, ಮತ್ತೆ ಏರುತ್ತದೆ. ಐಲ್ ಆಫ್ ವೈಟ್ ದ್ವೀಪದ ಎರಡು ಪಕ್ಕದಿಂದ ನೀರು ಬರುವುದಕ್ಕೆ ಹೀಗೆ ಅಂತ ಊರವರು ಹೇಳುತ್ತಾರೆ. ಅಲ್ಲ, ಅದು ಇಡೀ ಇಂಗ್ಲಿಷ್ ಚಾನೆಲ್‌ನ ಆಕಾರ ಮತ್ತು ಆಳದ ಆಟ. ಅಲ್ಲೂ ಜಾಗ ಸಿಗಲಿಲ್ಲ.

ಇಷ್ಟು ಹೊತ್ತೂ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ದೋಣಿಗಳು ನಿಂತೇ ಇದ್ದವು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆವು. ನಮ್ಮವರು ಆ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. "ಅದು ಕೆಸರು ಕಣೇ" ಅನ್ನುತ್ತಿದ್ದರು. ನಿಜ. ಇಳಿತಕ್ಕೆ ಅಲ್ಲಿ ನೀರೇ ಇಲ್ಲ, ಕಣ್ಣು ಹಾಯುವಷ್ಟೂ ಕಪ್ಪು ಕೆಸರು. ಸಂಜೆ ವಾಕ್ ಹೋದಾಗ ಗಾಳಿ ಆ ಕಡೆಯಿಂದ ಬೀಸಿತು. ನಾನು ನಿಂತುಬಿಟ್ಟೆ. ಉಪ್ಪು, ಕೊಳೆತ ಪಾಚಿ, ಚಿಪ್ಪು ಎಲ್ಲ ಸೇರಿದ ನಾತ. ಅದು ಇಳಿತದ ಹೊತ್ತಿನ ನಮ್ಮ ಹಿತ್ತಿಲಿನ ನಾತ. ನಮ್ಮವರು ಮೂಗು ಮುಚ್ಚಿಕೊಂಡರು. ನಾನು ಇನ್ನೊಮ್ಮೆ ಎಳೆದುಕೊಂಡೆ.

ಸೆಂಟಾರ್ ದೋಣಿಯನ್ನು ಮಾಡಿದ್ದೇ ಇಂಥ ಜಾಗಕ್ಕೆ. ಅದರ ಹೊಟ್ಟೆಯ ಕೆಳಗೆ ಎರಡು ಕಾಲಿನಂಥ ಕೀಲ್‌ಗಳಿವೆ. ನೀರು ಹೋದರೆ ಮಗುಚುವುದಿಲ್ಲ, ಕಾಲೂರಿ ನಿಲ್ಲುತ್ತದೆ. ತೇಲಲು ಮೂರಡಿ ನೀರು ಸಾಕು. ಅಲ್ಲಿನ ಬಾಡಿಗೆಯೂ ಮರೀನಾದವರು ಹೇಳಿದ್ದರ ಒಂದು ಚೂರು. ಪಕ್ಕದಲ್ಲೇ ರೋಮನ್ನರ ಕೋಟೆ. ಮೂರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಸುತ್ತಿನ ಗೋಡೆ ಇನ್ನೂ ನಿಂತಿದೆ. ಕಡಲಿನಿಂದ ಬರುವ ಕಳ್ಳರನ್ನು ಕಾಯಲು ಅವರೂ ಹಡಗು ಎಲ್ಲಿ ಕಟ್ಟುವುದು ಅಂತ ಹುಡುಕಿ ಹುಡುಕಿ ಇದೇ ಮೂಲೆಗೆ ಬಂದಿರಬೇಕು, ಅಲ್ವಾ? ಇದು ನನ್ನ ಊಹೆ. ಆದರೆ ಆ ಮಾತಿಗೇ ನಮ್ಮವರು ಬಿದ್ದರು. ರೋಮನ್ನರ ಪಾರ್ಕಿಂಗ್ ಅಂದರೆ ಆಫೀಸಿನಲ್ಲಿ ಹೇಳಿಕೊಳ್ಳಬಹುದು.

ಕೆಸರಿನ ಜಾಗಕ್ಕೆ ಒಂದು ಕರಾರು ಇದೆ. ಭರತದ ಆಚೆ ಈಚೆ ಎರಡೂವರೆ ಗಂಟೆ ಮಾತ್ರ ನೀರು. ಹೊರಡುವುದು, ಬರುವುದು ಅಷ್ಟರಲ್ಲೇ. ನಮ್ಮವರು ಇದಕ್ಕೆ ಎಕ್ಸೆಲ್ ಹಾಳೆ ಮಾಡಿದರು. ಅಮ್ಮ ಮಾಡಿದ್ದು ಪಂಚಾಂಗ ತೆಗೆದದ್ದು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಭರತ ಹೆಚ್ಚುಕಡಿಮೆ ನಡುಮಧ್ಯಾಹ್ನ ಅಂತ ನಾನು ಒಮ್ಮೆ ಹೇಳಿದ್ದೆ, ಅಷ್ಟೇ. ಅಷ್ಟಮಿಗೆ ಭರತ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ನಡುಹಗಲು ಬರೀ ಕೆಸರು ಅಂತ ಉಳಿದದ್ದನ್ನು ಅವಳೇ ಲೆಕ್ಕ ಹಾಕಿದಳು. ಈಗ ಗುರುವಾರ ರಾತ್ರಿ ಫೋನು ಬರುತ್ತದೆ. "ಬಪ್ಪ ಆಯ್ತ್ವಾರ ಅಷ್ಟಮಿ. ಅಳಿಯನಿಗೆ ಬಟ್ಟಿ ಒಗುಕೆ ಹೇಳ್." ಎಂಟು ಸಾವಿರ ಕಿಲೋಮೀಟರ್ ಆಚೆ ಕೂತು ಅವಳು ಪೋರ್ಟ್ಸ್‌ಮತ್ ಬಂದರು ನಡೆಸುತ್ತಾಳೆ.

ಎಕ್ಸೆಲ್ ನಂಬಿ ಒಮ್ಮೆ ಕೆಟ್ಟೆವು. ಇಲ್ಲಿ ನೀರು ಏರಲು ಸುಮಾರು ಏಳು ಗಂಟೆ ತೆಗೆದುಕೊಳ್ಳುತ್ತದೆ, ಇಳಿಯಲು ಐದೇ ಗಂಟೆ. ಬರುವಾಗ ಮದುಮಗಳು, ಹೋಗುವಾಗ ಕೊನೇ ಬಸ್ಸು ಹಿಡಿಯುವವರು. ನಮ್ಮವರು ಎರಡಕ್ಕೂ ಆರಾರು ಅಂತ ಸಮ ಹಂಚಿದ್ದರು. ಜೂನ್ ತಿಂಗಳು, ಹುಣ್ಣಿಮೆಯ ಹತ್ತಿರ. ನಮ್ಮ ಜಾಗ ಇನ್ನು ಇನ್ನೂರು ಮೀಟರ್ ಇದೆ ಅನ್ನುವಾಗ ದೋಣಿ ಮೆತ್ತಗೆ ಕೂತಿತು. ಮೂರೂವರೆ ಗಂಟೆ ಆಗಿತ್ತು. ಇಳಿದು ನಡೆಯೋಣವೆಂದರೆ ಕೆಸರು ತೊಡೆ ಮುಳುಗುವಷ್ಟು. ಮತ್ತೆ ನೀರು ಬರುವುದು ರಾತ್ರಿ ಒಂಬತ್ತರ ಮೇಲೆ.

ಕೂತೆವು. ಚಿತ್ರಾನ್ನ ಇತ್ತು. ಮಗಳು ಮಲಗಿ ಎದ್ದಳು. ಹಕ್ಕಿಗಳು ದೋಣಿಯ ಸುತ್ತ ಓಡಾಡಿ ಹುಳ ಹೆಕ್ಕಿದವು. ದಂಡೆಯಲ್ಲಿ ನಾಯಿ ಹಿಡಿದು ಹೋಗುವವರೆಲ್ಲ ಒಂದು ನಿಮಿಷ ನಿಂತು ನೋಡಿದರು, ಕೆಲವರು ಕೈ ಬೀಸಿದರು. ನಮ್ಮವರ ಮುಖ ಸಣ್ಣಗಾಗಿತ್ತು. 2008ರಲ್ಲಿ ಕ್ವೀನ್ ಎಲಿಜಬೆತ್ 2 ಅನ್ನುವ ಅಷ್ಟು ದೊಡ್ಡ ಹಡಗೇ ಇಲ್ಲಿಂದ ಸ್ವಲ್ಪ ದೂರದ ಬ್ರಾಂಬಲ್ ದಿಣ್ಣೆಯಲ್ಲಿ ಸಿಕ್ಕಿಕೊಂಡಿತ್ತು ಅಂತ ಸಮಾಧಾನ ಹೇಳಿದೆ. ಆ ದಿಣ್ಣೆ ವರ್ಷಕ್ಕೊಮ್ಮೆ ದೊಡ್ಡ ಇಳಿತಕ್ಕೆ ತಲೆ ಎತ್ತಿದಾಗ ಎರಡು ಕ್ಲಬ್ಬಿನವರು ನಡುಗಡಲಿನಲ್ಲಿ ಕ್ರಿಕೆಟ್ ಆಡುತ್ತಾರೆ. ಯಾರು ಗೆಲ್ಲಬೇಕು ಅನ್ನುವುದು ಸರದಿ ಪ್ರಕಾರ ಮೊದಲೇ ನಿಗದಿ. ಕ್ರಿಕೆಟ್ ಅಂದದ್ದೇ ಅವರು ತುಸು ಚೇತರಿಸಿಕೊಂಡರು. ಅಷ್ಟರಲ್ಲಿ ಅಮ್ಮನ ಫೋನು.

"ಎಲ್ ಇದ್ರಿ?"

"ಗದ್ದೆಯಲ್ಲಿ" ಅಂದೆ.

ಅವಳ ಎರಡನೇ ಪ್ರಶ್ನೆ ಹಾಗೆಯೇ ಉಳಿದಿತ್ತು. ನಮ್ಮ ಅಡುಗೆಮನೆಯಿಂದ ಕಾಣುವುದು ಪಕ್ಕದ ಮನೆಯ ಕಸದ ಡಬ್ಬಿ. ಮಹಡಿಯ ಬಚ್ಚಲಿನ ಕಿಟಕಿಯಲ್ಲಿ, ಸ್ಟೂಲ್ ಮೇಲೆ ನಿಂತು ಬಲಕ್ಕೆ ಬಾಗಿದರೆ, ಎರಡು ಚಾವಣಿಗಳ ನಡುವೆ ದೋಣಿಗಳ ಹಾಯಿ ಕಟ್ಟುವ ಹತ್ತಾರು ಕೂವೆಮರದ ತುದಿ ಕಾಣುತ್ತದೆ. ನಮ್ಮದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಮಗಳು ಊರಿಂದ ತಂದ ಕೆಂಪು ಟವೆಲು, ಅಂದರೆ ನಮ್ಮ ಬೈರಾಸನ್ನು, ತುದಿಗೆ ಏರಿಸಿ ಕಟ್ಟಿಸಿದಳು. ಮರುದಿನ ವಿಡಿಯೋ ಕಾಲ್ ಮಾಡಿ, ಸ್ಟೂಲ್ ಹತ್ತಿ, ಫೋನನ್ನು ಕಿಟಕಿಯಾಚೆ ಹಿಡಿದು ಅಮ್ಮನಿಗೆ ತೋರಿಸಿದೆ. ಜಿಟಿಜಿಟಿ ಮಳೆ. ಕನ್ನಡಕ ಸರಿ ಮಾಡಿಕೊಂಡು ತುಂಬಾ ಹೊತ್ತು ನೋಡಿದಳು.

"ಕಂಡ್ತ್, ಕಂಡ್ತ್" ಅಂದಳು. "ಮಳಿ ಬತ್ತಾ ಇತ್ತಲೆ, ಆ ಬೈರಾಸ್ ಒಳ್ಗ್ ತಕೋ ಹೆಣೆ."