ಮೂರು ಮೊಲೆಯ ಹಸು ಮತ್ತು ಸಾವಯವ ಪ್ರಮಾಣಪತ್ರ

ಕಳೆದ ವಾರ ನಮ್ಮ ಸಾವಯವ ಗುಂಪಿನ ಸಭೆಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ: "ಹಸುವಿಗೆ ಹುಷಾರು ತಪ್ಪಿದರೆ ಇಂಜೆಕ್ಷನ್ ಹಾಕಿಸಬಹುದೇ?" ಅರೆಗಳಿಗೆ ಯಾರೂ ಮಾತನಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ಸೂಜಿ ಚುಚ್ಚಿಸಿದರೆ ಸರ್ಟಿಫಿಕೇಟ್ ಹೋಯಿತು ಎಂದೇ ಲೆಕ್ಕ, ತಮ್ಮಾ" ಎಂದರು. ಪಕ್ಕದಲ್ಲಿದ್ದವರು, "ಹಾಕಿಸು ಮಾರಾಯ, ಪುಸ್ತಕದಲ್ಲಿ ಬರೆಯಬೇಡ ಅಷ್ಟೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಹಾಲು ಕರೆಯಲು ಕೂತು ಬೆಳ್ಳಿಯ ಕೆಚ್ಚಲಿಗೆ ಕೈ ಹಾಕಿದಾಗ ಆ ನಗು ನೆನಪಾಗಿ ನಾಚಿಕೆಯಾಯಿತು. ಆ ಹುಡುಗನಿಗೆ ಸಭೆಯಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ನಮ್ಮದು ಸಾಗರ ತಾಲ್ಲೂಕಿನ ಒಂದು ಮೂಲೆ. ಎರಡೂವರೆ ಎಕರೆ ಅಡಿಕೆ, ಮರಗಳಿಗೆ ಹಬ್ಬಿದ ಕಾಳುಮೆಣಸು, ನಡುವೆ ಒಂದಿಷ್ಟು ಬಾಳೆ. ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ. ಆ ಮಿಶ್ರತಳಿಯೇ ಬೆಳ್ಳಿ. ಗಿಡ್ಡಗಳ ಹಾಲು ಮನೆಯ ಕಾಫಿಗೆ ಮುಗಿಯುತ್ತದೆ, ಪೇಟೆಯ ಐದಾರು ಮನೆಗಳಿಗೆ ಹೋಗುವುದು ಬೆಳ್ಳಿಯದು. ತೋಟಕ್ಕೆ ಪ್ರಮಾಣಪತ್ರ ಸಿಕ್ಕಿ ಕೆಲವು ವರ್ಷಗಳಾದವು. ಹಾಲು ತುಪ್ಪಕ್ಕೂ ಪಡೆಯೋಣ, ಬೆಂಗಳೂರಿನಲ್ಲಿ ತುಪ್ಪಕ್ಕೆ ಒಳ್ಳೆಯ ದರ ಸಿಗುತ್ತದೆ ಎಂದು ತಯಾರಿ ನಡೆಸಿದ್ದೆವು. ಸಭೆ, ಕಾಗದಪತ್ರ ಎಲ್ಲ ನಮ್ಮ ಮನೆಯವರ ಪಾಲು. ಕೊಟ್ಟಿಗೆ ನನ್ನದು.

ಹೋದ ವರ್ಷ ಆಷಾಢದ ಜಡಿಮಳೆ. ಬೆಳ್ಳಿ ಕರು ಹಾಕಿ ಮೂರು ವಾರವಾಗಿತ್ತು. ಬೆಳಿಗ್ಗೆ ಕರೆಯುವಾಗ ಹಿಂದಿನ ಎಡಮೊಲೆಯಿಂದ ಮೊದಲ ಎರಡು ಸೆಳೆ ಹಾಲು ಒಡೆದಂತೆ, ಗರಣೆ ಗರಣೆಯಾಗಿ ಬಂತು. ಕೆಚ್ಚಲಿನ ಆ ಭಾಗ ಕಾದ ದೋಸೆಕಲ್ಲಿನ ಹತ್ತಿರ ಕೈ ಹಿಡಿದಂತೆ ಬಿಸಿ. ಕೆಚ್ಚಲು ಬಾವು ಎಂದು ಗೊತ್ತಾಗಲು ಡಾಕ್ಟರೇ ಬೇಕೆಂದಿಲ್ಲ. ಅತ್ತೆ ಬಂದು ನೋಡಿ, "ಡಾಕ್ಟರಿಗೆ ಹೇಳಿ ಕಳಿಸು" ಎಂದರು. ನಾನು ಲೋಳೆಸರ ತರಲು ಹಿತ್ತಲಿಗೆ ಹೋದೆ.

ಲೋಳೆಸರದ ಮದ್ದನ್ನು ಹೀಗಳೆಯುತ್ತಿಲ್ಲ. ಕಾಲು ಕಿಲೋ ಲೋಳೆಸರ, ಐವತ್ತು ಗ್ರಾಂ ಅರಿಶಿನ, ಹದಿನೈದು ಗ್ರಾಂ ಸುಣ್ಣ ಅರೆದರೆ ಕೆಂಪಗಾಗುತ್ತದೆ. ಅದನ್ನು ನೀರಿನಲ್ಲಿ ತೆಳುಮಾಡಿ, ಕೆಚ್ಚಲನ್ನು ತೊಳೆದು ಪೂರ್ತಿ ಕರೆದು, ದಿನಕ್ಕೆ ಹತ್ತು ಬಾರಿ ಹಚ್ಚಬೇಕು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಇದನ್ನು ಊರೂರಿಗೆ ಹೇಳಿಕೊಡುತ್ತದೆ. ಆರಂಭದಲ್ಲೇ ಹಿಡಿದರೆ ಕೆಲಸ ಮಾಡುತ್ತದೆ. ನನ್ನ ಕೊಟ್ಟಿಗೆಯಲ್ಲೇ ಎರಡು ಸಲ ಮಾಡಿದೆ. ಆದರೆ ಈ ಸಲ ಎರಡನೆಯ ದಿನ ಬೆಳ್ಳಿ ಹಿಂಡಿ ಮುಟ್ಟಲಿಲ್ಲ, ಅಕ್ಕಚ್ಚು ಮೂಸಿ ಮುಖ ತಿರುಗಿಸಿತು. ಕಿವಿ ತಣ್ಣಗೆ, ಮೈ ಬಿಸಿ. ಮೊಲೆಯಿಂದ ಬಂದದ್ದು ಹಾಲಲ್ಲ, ಹಳದಿ ನೀರು. ಆಗಲೂ ನಾನು ಕಾದೆ. ಪ್ರಮಾಣಪತ್ರದವರು ಬರುವುದು ಮುಂದಿನ ತಿಂಗಳು ಎಂಬುದು ತಲೆಯಲ್ಲಿ ಕೂತಿತ್ತು. ಇನ್ನೊಂದು ದಿನ ನೋಡೋಣ, ಇನ್ನೊಂದು ಹೊತ್ತು ನೋಡೋಣ ಎಂದು ಮಳೆಯಲ್ಲಿ ಲೋಳೆಸರ ಅರೆಯುತ್ತಲೇ ಇದ್ದೆ. ಮೂರನೆಯ ದಿನ ಅತ್ತೆ ನನ್ನನ್ನು ಕೇಳದೆ ತಾವೇ ಫೋನು ಮಾಡಿಸಿದರು.

ಡಾಕ್ಟರು ಬೈಯಲಿಲ್ಲ. ಕೆಚ್ಚಲು ಒತ್ತಿ ನೋಡಿ, "ಮೊನ್ನೆಯೇ ಕರೆಯಬೇಕಿತ್ತು, ಅಮ್ಮಾ" ಎಂದರು, ಅಷ್ಟೇ. ಜ್ವರಕ್ಕೊಂದು, ಸೋಂಕಿಗೊಂದು ಇಂಜೆಕ್ಷನ್, ಜೊತೆಗೆ ಮೊಲೆಯೊಳಗೆ ಬಿಡುವ ಟ್ಯೂಬು, ಮೂರು ದಿನ. ಹಸು ಉಳಿಯಿತು. ಆ ಮೊಲೆ ಉಳಿಯಲಿಲ್ಲ. ಬಾವು ಇಳಿದ ಮೇಲೆ ಒಳಗೆ ಅಡಿಕೆಯಂಥ ಒಂದು ಗಟ್ಟಿ ಗಂಟು ನಿಂತುಬಿಟ್ಟಿತು. ಈಗಲೂ ಕರೆಯುವಾಗ ಕೈ ಅಭ್ಯಾಸಬಲದಿಂದ ಅಲ್ಲಿಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ನಿಯಮವನ್ನು ಓದಿದೆ. ಮೊದಲೇ ಓದಬೇಕಿತ್ತು, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಸಾವಯವದ ನಿಯಮವನ್ನು ಕಣ್ಣಾರೆ ಓದಿದವರಿಗಿಂತ ಅವರಿವರ ಬಾಯಿಂದ ಕೇಳಿದವರೇ ಹೆಚ್ಚು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ, ಜಾನುವಾರುಗಳ ಬಗ್ಗೆ ಹೇಳುವುದು ಇಷ್ಟು: ಚಿಕಿತ್ಸೆ ಆರಿಸುವಾಗ ಪ್ರಾಣಿಯ ಕ್ಷೇಮವೇ ಮೊದಲು. ಬೇರೆ ದಾರಿ ಇಲ್ಲದಾಗ ಸಾಮಾನ್ಯ ಪಶುವೈದ್ಯ ಔಷಧವನ್ನೇ ಬಳಸಬಹುದು. ಬಳಸಿದರೆ, ಔಷಧ ಕೊಟ್ಟ ಮೇಲೆ ಇಷ್ಟು ದಿನ ಹಾಲು ಬಳಸಬಾರದು ಎಂದು ಕಾನೂನು ಹೇಳುವ ಗಡುವಿನ ಎರಡು ಪಟ್ಟು ದಿನ ಹಾಲನ್ನು ಸಾವಯವ ಎಂದು ಮಾರುವಂತಿಲ್ಲ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್‌ನ ಮಾರ್ಗಸೂಚಿಯೂ ಎರಡು ಪಟ್ಟು ಎನ್ನುತ್ತದೆ, ಏನೇ ಆದರೂ 48 ಗಂಟೆಗೆ ಕಡಿಮೆ ಇರಬಾರದು ಎಂಬ ಮಾತು ಸೇರಿಸಿ. ನಾನು ಭಯಪಟ್ಟ ನಿಯಮ ಆ ಪುಸ್ತಕದಲ್ಲಿ ಇರಲೇ ಇಲ್ಲ. ಮೂರು ದಿನ ಬೆಳ್ಳಿ ನರಳಿದ್ದು ಊರಿನವರ ಬಾಯಲ್ಲಿ ಬೆಳೆದ ಒಂದು ನಿಯಮಕ್ಕಾಗಿ.

ಹಾಗಾದರೆ ಅದು ಬಂದದ್ದೆಲ್ಲಿಂದ? ನನ್ನ ಅಂದಾಜು, ಅಮೆರಿಕದಿಂದ. ಪೇಟೆಯಲ್ಲಿ ನಮ್ಮ ಹಾಲು ಕೊಳ್ಳುವವರಲ್ಲಿ ಒಬ್ಬರು ಅಲ್ಲಿ ಹತ್ತಾರು ವರ್ಷ ಇದ್ದು ಬಂದವರು. "ಅಲ್ಲಿ ಒಂದೇ ಒಂದು ಸಲ ಆ್ಯಂಟಿಬಯಾಟಿಕ್ ಕೊಟ್ಟರೂ ಆ ಹಸು ಸಾವಯವ ಅಲ್ಲ, ಗೊತ್ತೇನಮ್ಮಾ" ಎಂದು ಹೇಳುತ್ತಿರುತ್ತಾರೆ. ಅವರು ಹೇಳುವುದು ನಿಜ. ಅಲ್ಲಿ ಆ್ಯಂಟಿಬಯಾಟಿಕ್ ಪಡೆದ ಹಸುವಿನ ಹಾಲನ್ನಾಗಲಿ ಮಾಂಸವನ್ನಾಗಲಿ ಮುಂದೆ ಎಂದೂ ಸಾವಯವ ಎಂದು ಮಾರುವಂತಿಲ್ಲ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ: ಸಾವಯವ ಸ್ಥಾನ ಉಳಿಸಿಕೊಳ್ಳುವ ಸಲುವಾಗಿ ಕಾಯಿಲೆಯ ಪ್ರಾಣಿಗೆ ಚಿಕಿತ್ಸೆ ತಪ್ಪಿಸುವಂತಿಲ್ಲ. ಯುರೋಪಿನವರು ನಡುವಿನ ದಾರಿ ಹಿಡಿದಿದ್ದಾರೆ. ಹನ್ನೆರಡು ತಿಂಗಳಲ್ಲಿ ಮೂರು ಸುತ್ತಿನವರೆಗೆ ಚಿಕಿತ್ಸೆ ಆಗಬಹುದು, ಅದನ್ನು ಮೀರಿದರೆ ಆ ಹಸು ಪರಿವರ್ತನೆಯ ಅವಧಿಯನ್ನು, ಅಂದರೆ ಸಾವಯವ ಎನಿಸಿಕೊಳ್ಳುವ ಮೊದಲು ಕಾಯಬೇಕಾದ ಕಾಲವನ್ನು, ಮತ್ತೆ ಕಳೆಯಬೇಕು.

ನನಗೆ ಯುರೋಪಿನದೇ ಸರಿ ಎನ್ನಿಸುತ್ತದೆ. ಒಮ್ಮೆ ಕೊಟ್ಟರೆ ಶಾಶ್ವತವಾಗಿ ಹೊರಗೆ ಎಂದರೆ, ಕಾನೂನು ಬಾಯಲ್ಲಿ ಚಿಕಿತ್ಸೆ ಮಾಡು ಎನ್ನುತ್ತಾ ಕೈಯಲ್ಲಿ ದಂಡ ಹಿಡಿದಂತೆ. ನೂರಾರು ಹಸು ಇರುವವನು ಚಿಕಿತ್ಸೆಯಾದದ್ದನ್ನು ಪಕ್ಕದ ಸಾಮಾನ್ಯ ಡೇರಿಗೆ ಮಾರಿ ಕೈ ತೊಳೆದುಕೊಳ್ಳಬಹುದು. ನಾಲ್ಕು ಹಸುವಿನ ಮನೆಯಲ್ಲಿ ಮಾರುವಷ್ಟು ಹಾಲು ಕೊಡುವ ಒಂದೇ ಹಸು ಹೊರಗಾದರೆ ಕೊಟ್ಟಿಗೆಯೇ ಹೊರಗಾದ ಹಾಗೆ. ಅಂಥ ನಿಯಮ ಇಲ್ಲಿ ಬಂದರೆ ನಮ್ಮ ಜನ ಏನು ಮಾಡುತ್ತಾರೆ? ಆಗಲೇ ಸಭೆಯಲ್ಲಿ ಹೇಳಿದರಲ್ಲ, ಪುಸ್ತಕದಲ್ಲಿ ಬರೆಯುವುದಿಲ್ಲ.

ಹಾಗೆಂದು ಎರಡು ಪಟ್ಟು ಗಡುವು ಅಗ್ಗದ ಮಾತಲ್ಲ. ನಮ್ಮ ಟ್ಯೂಬಿನ ಮೇಲೆ ಇದ್ದದ್ದು 72 ಗಂಟೆ, ಕೊನೆಯ ಟ್ಯೂಬಿನಿಂದ ಎಣಿಸಿ. ಎರಡು ಪಟ್ಟು ಎಂದರೆ ಆರು ದಿನ. ಚಿಕಿತ್ಸೆಯ ಮೂರು ದಿನ ಸೇರಿ ಒಂಬತ್ತು. ದಿನಕ್ಕೆ ಆರು ಲೀಟರಿನಂತೆ 54 ಲೀಟರ್ ಹಾಲು, ಲೀಟರಿಗೆ 60 ರೂಪಾಯಿಯಂತೆ 3,240 ರೂಪಾಯಿ. ಒಂದೇ ಮೊಲೆಗೆ ಟ್ಯೂಬು ಬಿಟ್ಟರೂ ನಾಲ್ಕೂ ಮೊಲೆಯ ಹಾಲು ಲೆಕ್ಕಕ್ಕೆ ಬರುತ್ತದೆ, ಇದು ಬಹಳ ಜನರಿಗೆ ತಿಳಿಯದು. ಕರುವಿಗೆ ಕುಡಿಸೋಣ ಎಂದರೆ ಅದೂ ಬೇಡವೆಂದರು ಡಾಕ್ಟರು, ಕರುವಿನ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುತ್ತದಂತೆ. ತೋಟದಾಚೆ ಗುಂಡಿ ತೆಗೆದು ಸುರಿದೆ. ಗಿಣ್ಣು ಚೆಲ್ಲಿದರೂ ಹೊಟ್ಟೆ ಉರಿದುಕೊಳ್ಳುವ ಮನೆ ನಮ್ಮದು. ಒಂಬತ್ತು ದಿನ ಬಿಂದಿಗೆ ಬಗ್ಗಿಸುವಾಗ ಅತ್ತೆ ಜಗುಲಿಯಿಂದ ಒಳಗೆ ಹೋಗಿಬಿಡುತ್ತಿದ್ದರು.

ಅತ್ತೆಯದೇ ಒಂದು ಪರೀಕ್ಷೆ ಇತ್ತು. ಸೂಜಿ ಹಾಕಿದ ಹಸುವಿನ ಹಾಲು ಮೊಸರಾಗುವುದಿಲ್ಲ ಎಂದು ಅವರ ಮಾತು. ನಾಲ್ಕನೆಯ ದಿನ ಒಂದು ಲೋಟಕ್ಕೆ ಹೆಪ್ಪು ಹಾಕಿಟ್ಟೆವು, ಬೆಳಿಗ್ಗೆಯೂ ಹಾಲು ಹಾಲಾಗಿಯೇ ಇತ್ತು. ಏಳನೆಯ ದಿನ ಹೆಪ್ಪುಗಟ್ಟಿತು. ಮಾತು ನಿಜವೇ, ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾ ತಾನೆ. ಆದರೆ ಮೊಸರಾಯಿತು ಎಂದಾಕ್ಷಣ ಹಾಲು ಪೂರ್ತಿ ಚೊಕ್ಕ ಎಂದಲ್ಲ, ಸ್ವಲ್ಪ ಔಷಧ ಉಳಿದಿದ್ದರೂ ಮೊಸರಾಗಬಹುದು. ಅದಕ್ಕೇ ಒಂಬತ್ತು ದಿನ ಮುಗಿಸಿದೆ.

ಸಗಣಿಯದ್ದು ಬೇರೆಯೇ ತಲೆನೋವು. ನಮ್ಮ ತೋಟಕ್ಕೆ ಜೀವಾಮೃತವೇ ಜೀವಾಳ: 200 ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು. ಸೂಕ್ಷ್ಮಜೀವಿ ಬೆಳೆಸಲೆಂದೇ ಮಾಡುವ ಡ್ರಮ್ಮಿಗೆ ಆ್ಯಂಟಿಬಯಾಟಿಕ್ ತಿಂದ ಹಸುವಿನ ಗಂಜಲ ಹಾಕಿದರೆ ಏನರ್ಥ? ಬೆಳ್ಳಿಯ ಸಗಣಿ, ಗಂಜಲ, ಕಾಲಡಿಗೆ ಹಾಸಿದ ದರಕು (ಒಣ ಎಲೆ) ಎಲ್ಲವನ್ನೂ ಬೇರೆ ಮೂಲೆಯಲ್ಲಿ ರಾಶಿ ಹಾಕಿ ಮುಂದಿನ ವರ್ಷಕ್ಕೆ ಬಿಟ್ಟೆ. ಹೀಗೇ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ನನಗೆ ಸರಿ ಕಂಡದ್ದನ್ನು ಮಾಡಿದೆ.

ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿದರೂ ಹೇಳುತ್ತೇನೆ. ಜ್ವರದ ಇಂಜೆಕ್ಷನ್ ಕೊಡುವಾಗ ಡಾಕ್ಟರನ್ನು ಯಾವುದೆಂದು ಕೇಳಿದೆ. ಮೆಲೋಕ್ಸಿಕಾಮ್ ಎಂದರು. ನೋವು, ಜ್ವರಕ್ಕೆ ಕೊಡುತ್ತಿದ್ದ ಇನ್ನೊಂದು ಮದ್ದು ಡೈಕ್ಲೋಫೆನಾಕನ್ನು ಜಾನುವಾರುಗಳಿಗೆ ಕೊಡುವಂತಿಲ್ಲ ಎಂದು 2006ರಲ್ಲೇ ನಿಷೇಧಿಸಿದ್ದಾರೆ, ಅದನ್ನು ಪಡೆದು ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗೆಂದೇ ಧಾಮ ಮಾಡುವಷ್ಟು ಅವು ಅಪರೂಪವಾದವು. ಹೊಟ್ಟೆಹುಳುವಿಗೆ ಹಾಕುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಉಳಿದು ಸಗಣಿಹುಳುಗಳನ್ನು ಕೊಲ್ಲುತ್ತದೆ. ಇಂಗ್ಲಿಷ್ ಮದ್ದು ಎಂದು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬೇಡ ಎನ್ನುವವರಿಗೂ, ಮೂರು ತಿಂಗಳಿಗೊಮ್ಮೆ ಲೆಕ್ಕವಿಲ್ಲದೆ ಹುಳುವಿನ ಮದ್ದು ಕುಡಿಸುವವರಿಗೂ ಈ ವ್ಯತ್ಯಾಸ ಬೇಕಾಗಿಲ್ಲ. ನಾನು ಈಗ ಸಗಣಿಯನ್ನು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸುತ್ತೇನೆ, ಹುಳು ಇದ್ದರೆ ಮದ್ದು, ಇಲ್ಲದಿದ್ದರೆ ಇಲ್ಲ. ರೋಗದ ಭಯ ಇರುವ ಕಡೆ ಲಸಿಕೆ ಹಾಕಿಸುವುದನ್ನಂತೂ ಸಾವಯವ ಬೇಡ ಎಂದಿಲ್ಲ. ಕಾಲುಬಾಯಿ ಜ್ವರದ ಲಸಿಕೆಗೆ ಬಂದವರನ್ನು "ನಮ್ಮದು ಸಾವಯವ" ಎಂದು ವಾಪಸು ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಮಾಣಪತ್ರದವರು ಬಂದ ದಿನ ಕೊಟ್ಟಿಗೆಯ ಪುಸ್ತಕ ಮುಂದಿಟ್ಟೆ. ದಿನಾಂಕ, ಲಕ್ಷಣ, ಡಾಕ್ಟರ ಚೀಟಿ, ಟ್ಯೂಬಿನ ಖಾಲಿ ಪೊಟ್ಟಣ, ಹಾಲು ಚೆಲ್ಲಿದ ಲೆಕ್ಕ ಎಲ್ಲ ಇತ್ತು. ಲೋಳೆಸರ ಹಚ್ಚುತ್ತಾ ಕಳೆದ ಮೂರು ದಿನವನ್ನೂ ಬರೆದಿದ್ದೆ. ಬಂದಾಕೆ ಪುಟ ತಿರುಗಿಸಿ ನೋಡಿ, "ನಿಯಮ ಮುರಿದಿಲ್ಲ. ಆದರೆ ಡಾಕ್ಟರನ್ನು ಕರೆಯಲು ಇಷ್ಟು ತಡ ಏಕೆ?" ಎಂದು ಅದೊಂದನ್ನೇ ಕೇಳಿದರು. ನಮ್ಮ ಮನೆಯವರು ಮಳೆಯ ನೆಪ ಹೇಳಲು ಹೊರಟರು. ನಾನು ತಡೆದೆ.

ಪೇಟೆಯ ಗಿರಾಕಿಗಳಿಗೂ ಡಾಕ್ಟರು ಬಂದ ದಿನವೇ ಫೋನು ಮಾಡಿ ಒಂಬತ್ತು ದಿನ ಹಾಲಿಲ್ಲ, ಕಾರಣ ಇಂಥದ್ದು ಎಂದಿದ್ದೆ. ಒಂದು ಮನೆಯವರು ಬಿಟ್ಟೇಹೋದರು. ಅಮೆರಿಕದಿಂದ ಬಂದವರೇ ಬಿಡುತ್ತಾರೆ ಎಂದುಕೊಂಡಿದ್ದೆ, ಅವರು ಬಿಡಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಫೋನು ಮಾಡಿ, "ಬೆಳ್ಳಿ ಹೇಗಿದೆ?" ಎಂದು ಕೇಳಿದರು.

ಈಗ ಕೊಟ್ಟಿಗೆಯಲ್ಲಿ ಉಜ್ಜಿ ನುಣುಪು ಮಾಡಿದ ಒಂದು ಕಪ್ಪು ತೆಂಗಿನ ಚಿಪ್ಪು ಇಟ್ಟಿದ್ದೇನೆ. ಪ್ರತಿ ಮೊಲೆಯ ಮೊದಲ ಎರಡು ಸೆಳೆ ಅದಕ್ಕೇ. ಕಪ್ಪಿನ ಮೇಲೆ ಸಣ್ಣ ಗರಣೆಯೂ ಎದ್ದು ಕಾಣುತ್ತದೆ. ಕಂಡ ದಿನವೇ ಲೋಳೆಸರ ಶುರು, ಮಾರನೆಯ ಬೆಳಿಗ್ಗೆಯೂ ಕಂಡರೆ ಅಥವಾ ಹಸು ಮೇವು ಬಿಟ್ಟರೆ ಆಗಲೇ ಡಾಕ್ಟರು. ಹುಡುಗ, ಸಭೆಯಲ್ಲಿ ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಪುಸ್ತಕದಲ್ಲಿ ಬರೆಯಬೇಡ ಎಂದವರ ಮಾತು ಕೇಳಬೇಡ.

ಬೆಳ್ಳಿ ಮತ್ತೆ ಗಬ್ಬ. ಹಾಲು ಬತ್ತಿಸುವ ಸಮಯ ಬಂದಿದೆ. ಹಾಲು ಬಿಡಿಸುವಾಗ ಮೊಲೆಗಳಿಗೆ ಆ್ಯಂಟಿಬಯಾಟಿಕ್ ಟ್ಯೂಬು ಬಿಡುವ ಪದ್ಧತಿ ಇದೆಯಲ್ಲ, ಈ ಸಲ ಬಿಡೋಣವೇ ಎಂದು ಡಾಕ್ಟರು ಕೇಳಿದರು. ರೋಗ ಬಾರದಿರಲಿ ಎಂದು ಮುಂಜಾಗ್ರತೆಗೆ ಆ್ಯಂಟಿಬಯಾಟಿಕ್ ಕೊಡುವುದನ್ನು ಸಾವಯವ ಒಪ್ಪುವುದಿಲ್ಲ. ಇರುವ ಸೋಂಕಿಗೆ ಕೊಟ್ಟರೆ ಅದು ಚಿಕಿತ್ಸೆ. ಬೆಳ್ಳಿಯದು ಯಾವುದು? ಮೂರೂ ಮೊಲೆಯ ಹಾಲನ್ನು ಬೇರೆ ಬೇರೆ ಶೀಶೆಯಲ್ಲಿ ಸೋಮವಾರ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ವರದಿ ಇನ್ನೂ ಬಂದಿಲ್ಲ.