ಎಷ್ಟು ಕೆಜಿ ಆಯ್ತು?

ಭಾನುವಾರ ಬೆಟ್ಟ ಹತ್ತಿ, ದಾರಿಯ ಕಸ ಆಯ್ದುಕೊಂಡು ಇಳಿದು ಬಂದೆವು. ಅವತ್ತಿನಿಂದ ಸಿಕ್ಕವರೆಲ್ಲ ಕೇಳುತ್ತಿರುವುದು ಒಂದೇ ಪ್ರಶ್ನೆ: "ಎಷ್ಟು ಕೆಜಿ ಆಯ್ತು?" ಮೇಲೆ ಮಂಜು ಇತ್ತಾ, ದಾರಿ ಹೇಗಿತ್ತು, ಮಂಡಿ ಇನ್ನೂ ಜಾಗದಲ್ಲಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಹೋಗಿದ್ದು 14 ಜನ, ತುಂಬಿದ್ದು 6 ಚೀಲ. ತೂಕ ಹಾಕಲಿಲ್ಲ. ತಕ್ಕಡಿ ಇರಲಿಲ್ಲ, ನಿಜ. ಆದರೆ ಇದ್ದಿದ್ದರೂ ಹಾಕಬಾರದಿತ್ತು ಅಂತ ಈಗ ಅನಿಸುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ಶುರುವಿನಲ್ಲಿ ನನಗೂ ತೂಕದ ಹುಚ್ಚೇ. ಮೊದಲ ತಿರುವಿನಲ್ಲೇ ಪೊದೆಯೊಳಗೆ ಒಂದು ಶೂ ಸಿಕ್ಕಿತು. ಒಂಟಿ ಶೂ. ಅಟ್ಟೆ ಕಿತ್ತು ಬಾಯಿ ಬಿಟ್ಟಿತ್ತು, ಒಳಗೆ ನೀರು, ಕೊಳೆತ ಎಲೆ, ಮಣ್ಣು. ಎತ್ತಿದರೆ ಕಲ್ಲಿನಷ್ಟು ಭಾರ. ಏನೋ ಗೆದ್ದವನ ಹಾಗೆ ಚೀಲಕ್ಕೆ ಇಳಿಸಿದೆ. (ಒಂದೇ ಶೂ ಬಿಟ್ಟು ಆ ಮನುಷ್ಯ ಹೇಗೆ ಇಳಿದು ಹೋದನೋ, ನನಗಂತೂ ಬಗೆಹರಿದಿಲ್ಲ.) ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬಾಟಲಿ, ಡಬ್ಬ, ಹರಿದ ಟಾರ್ಪಾಲು, ಹೀಗೆ ದೊಡ್ಡ ದೊಡ್ಡವು ಮಾತ್ರ. ಚೀಲ ಬೇಗ ತುಂಬಬೇಕು, ಅಷ್ಟೇ.

ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಹತ್ತುವವರೆಲ್ಲ ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ನಾನು ಎರಡು ಬಾಟಲಿ ಎತ್ತಿಕೊಂಡು "ಇಲ್ಲಿ ಮುಗೀತು" ಅಂತ ಮುಂದೆ ಹೊರಟೆ. ನಮ್ಮ ಗುಂಪಿನ ಒಬ್ಬ ಹುಡುಗಿ ಮಾತ್ರ ಆ ಬಂಡೆಯ ಬುಡದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಹತ್ತು ನಿಮಿಷ ಆಯ್ತು, ಹದಿನೈದಾಯ್ತು. ಸುಸ್ತಾಗಿರಬೇಕು ಅಂದುಕೊಂಡು ವಾಪಸ್ ಹೋಗಿ ವಿಚಾರಿಸಿದೆ. "ಇಲ್ಲ ಸರ್, ಇದು ನೋಡಿ" ಅಂತ ಅಂಗೈ ಬಿಡಿಸಿದಳು.

ಅಂಗೈ ತುಂಬಾ ಪ್ಯಾಕೆಟ್ಟಿನ ಮೂಲೆಗಳು. ಬಿಸ್ಕತ್ತಿನದೋ ಚಿಪ್ಸಿನದೋ ಚಾಕೊಲೇಟಿನದೋ, ಹಲ್ಲಿನಿಂದ ಕಚ್ಚಿ ಹರಿದಾಗ ಕಿತ್ತು ಬರುತ್ತದಲ್ಲ, ಆ ತ್ರಿಕೋನದ ಚೂರು. ಉಗುರಿನಷ್ಟಗಲ. ಒಂದು ಬದಿ ಬಣ್ಣ, ಇನ್ನೊಂದು ಬದಿ ಬೆಳ್ಳಿ. ಕೆಲವು ಹೊಸವು, ಇನ್ನೂ ಹೊಳೆಯುತ್ತಿದ್ದವು. ಹಳೆಯವು ಬಿಸಿಲಿಗೆ ಬಣ್ಣ ಬಿಟ್ಟು ಒಣಗಿದ ಎಲೆಯ ಹಾಗೇ ಆಗಿದ್ದವು. ಒಂದನ್ನು ಎರಡು ಬೆರಳಲ್ಲಿ ಎತ್ತಲು ಹೋದೆ, ಅಲ್ಲೇ ನಾಲ್ಕು ಚೂರಾಯಿತು. ನಾನೂ ಕೂತು ಎಣಿಸಿದೆ. 83 ಇದ್ದವು. ಎಲ್ಲ ಸೇರಿ ನನ್ನ ಶೂವಿನ ಲೇಸಿನಷ್ಟೂ ತೂಗುತ್ತಿರಲಿಲ್ಲ.

ಅಲ್ಲಿಗೆ ನನ್ನ ಲೆಕ್ಕ ತಲೆಕೆಳಗಾಯಿತು.

ಬಾಟಲಿ ಎಸೆದವನಿಗೆ ತಾನು ಎಸೆದದ್ದು ಗೊತ್ತಿರುತ್ತದೆ. ಅವನನ್ನು ಬೈಯಬಹುದು, ಬೈದು ಹಗುರಾಗಬಹುದು. ಈ ಮೂಲೆ ಕಿತ್ತವರು ಅಂಥವರಲ್ಲ. ಪ್ಯಾಕೆಟ್ಟನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಮನೆಗೇ ಒಯ್ದಿರುತ್ತಾರೆ. ಹಲ್ಲಿನಲ್ಲಿ ಕಚ್ಚಿದ ಚೂರು ಎಲ್ಲಿ ಬಿತ್ತು ಅಂತ ನೋಡಿರುವುದಿಲ್ಲ, ಅಷ್ಟೇ. ಅಂದರೆ ಇದು ಬೆಟ್ಟವನ್ನು ಪ್ರೀತಿಸುವವರ ಕಸ. ನಮ್ಮದು. ಪರಿಹಾರ ಮಾತ್ರ ನಗು ಬರುವಷ್ಟು ಸುಲಭ: ಮೂಲೆ ಪೂರ್ತಿ ಕೀಳಬೇಡಿ, ಅರ್ಧ ಹರಿದು ಅಲ್ಲಿಗೇ ಬಿಡಿ. ಇಲ್ಲವೇ ಮನೆಯಲ್ಲೇ ಪ್ಯಾಕೆಟ್ ಬಿಚ್ಚಿ ಡಬ್ಬಿಗೆ ಸುರಿದುಕೊಂಡು ಬನ್ನಿ.

ಚಿಕ್ಕದು ತಾನೇ, ಬಿಡಿ ಅನ್ನುವವರಿಗೆ ಒಂದು ವಿಷಯ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಸಣ್ಣದಾಗುತ್ತಾ ಹೋಗುತ್ತದೆ. ಫ್ರಾನ್ಸಿನ ಪಿರೆನೀಸ್ ಪರ್ವತಗಳಲ್ಲಿ, ಊರುಕೇರಿಯಿಂದ ದೂರದ ಜಾಗದಲ್ಲಿ, ಗಾಳಿ ಮಳೆಯ ಜೊತೆ ಬೀಳುವ ಪ್ಲಾಸ್ಟಿಕ್ ಕಣಗಳನ್ನು ವಿಜ್ಞಾನಿಗಳು ಎಣಿಸಿ, 2019ರಲ್ಲಿ ಲೆಕ್ಕ ಪ್ರಕಟಿಸಿದರು. ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 365 ಕಣ. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ಎವರೆಸ್ಟ್ ಮೇಲೆ 8,440 ಮೀಟರ್ ಎತ್ತರದ ಹಿಮದಲ್ಲೂ ಇವು ಸಿಕ್ಕಿದ್ದವು. ಅಲ್ಲಿದ್ದದ್ದು ಹೆಚ್ಚಾಗಿ ಪಾಲಿಯೆಸ್ಟರ್ ಎಳೆ, ನಾವು ಹಾಕಿಕೊಳ್ಳುವ ಜಾಕೆಟ್ಟು, ಟೆಂಟುಗಳಲ್ಲಿರುವ ಅದೇ ನೂಲು. ಬಂಡೆ ಬುಡದ ಚೂರನ್ನು ಇವತ್ತು ಎರಡು ಬೆರಳಲ್ಲಿ ಎತ್ತಬಹುದು. ನಾಲ್ಕು ಮಳೆಗಾಲ ಕಳೆದರೆ ಯಾವ ಇಕ್ಕಳಕ್ಕೂ ಸಿಗುವುದಿಲ್ಲ.

ಸಿಗರೇಟಿನ ತುಂಡೂ ಇದೇ ಜಾತಿ. ಅದರ ಫಿಲ್ಟರ್ ಹತ್ತಿ ಅಂತಲೇ ನಾನು ಇಷ್ಟು ವರ್ಷ ನಂಬಿದ್ದೆ. ಅಲ್ಲವಂತೆ, ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಒದ್ದೆ ಟಿಶ್ಯೂ ಅಂತ ಮುಖ ಒರೆಸಿ ಎಸೆಯುತ್ತೇವಲ್ಲ, ಅದರಲ್ಲೂ ಬಹಳಷ್ಟರಲ್ಲಿ ಪ್ಲಾಸ್ಟಿಕ್ ನೂಲೇ.

ತೂಕದ ಲೆಕ್ಕಕ್ಕೆ ಮತ್ತೆ ಬರುತ್ತೇನೆ. ಎವರೆಸ್ಟ್ ಹತ್ತುವ ಪ್ರತಿಯೊಬ್ಬರೂ ಕನಿಷ್ಠ 8 ಕೆಜಿ ಕಸ ಕೆಳಗೆ ತರಬೇಕು ಅಂತ ನೇಪಾಳ 2014ರಲ್ಲಿ ನಿಯಮ ಮಾಡಿತು. ತರದಿದ್ದರೆ ತಂಡ ಕಟ್ಟಿದ 4,000 ಡಾಲರ್ ಠೇವಣಿ ವಾಪಸ್ ಸಿಗುತ್ತಿರಲಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ತಕ್ಕಡಿಗೆ ಕಸ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲವಲ್ಲ. ಉಸಿರಾಡಲೇ ಕಷ್ಟವಾಗುವ ತುದಿಯ ಕ್ಯಾಂಪಿನಿಂದ ತಂದರೂ 8 ಕೆಜಿ, ಕೆಳಗಿನ ಕ್ಯಾಂಪಿನಲ್ಲಿ ಸುಲಭಕ್ಕೆ ಸಿಕ್ಕಿದ್ದು ತುಂಬಿಕೊಂಡರೂ 8 ಕೆಜಿ. ನಾನು ಮೊದಲ ತಿರುವಿನಲ್ಲಿ ಒದ್ದೆ ಶೂ ಎತ್ತಿ ಬೀಗಿದ್ದೂ ಅದೇ ತಾನೆ.

ಬೀಗಿದ್ದಕ್ಕೆ ಶಾಸ್ತಿಯೂ ಆಯಿತು. ಒಂದು ಕಡೆ ಇಳಿಜಾರಿನಲ್ಲಿ ಎಂಟ್ಹತ್ತು ಅಡಿ ಕೆಳಗೆ ದೊಡ್ಡ ಗಾಜಿನ ಬಾಟಲಿ ಮಿನುಗುತ್ತಿತ್ತು. ದಾರಿ ಬಿಟ್ಟು ಇಳಿದೆ. ಕಾಲಿಟ್ಟ ಕಲ್ಲು ಉರುಳಿತು, ಕುಂಡೆ ಮೇಲೆ ಜಾರಿ ಒಂದು ಗಿಡ ಹಿಡಿದು ನಿಂತೆ. ಗಿಡ ಬೇರು ಸಮೇತ ಅರ್ಧ ಎದ್ದು ಬಂತು. ನಮ್ಮ ಗುಂಪಿನ ಹಿರಿಯರು ಮೇಲಿಂದ ಕೈ ಕೊಟ್ಟು ಎಳೆದುಕೊಂಡರು, ಆಮೇಲೆ ಸರಿಯಾಗಿ ಬೈದರು. "ನಾವು ಬಂದಿರೋದು ಬಾಟಲಿ ಹೊತ್ಕೊಂಡು ಇಳಿಯೋಕೆ, ನಿಮ್ಮನ್ನ ಅಲ್ಲ." ಮಾತು ಸರಿಯಾಗಿತ್ತು. ಬಾಟಲಿ ಅಲ್ಲೇ ಇದೆ. ಒಂದು ಬಾಟಲಿಗಾಗಿ ಮಣ್ಣು ಸಡಿಲ ಮಾಡಿ, ಗಿಡ ಕಿತ್ತು, ಹೊಸ ಕಾಲುದಾರಿ ಮಾಡಿಟ್ಟು ಬರುವುದು ಯಾವ ಸ್ವಚ್ಛತೆ?

ಬಾಟಲಿ ಎತ್ತಿದ ಕೂಡಲೇ ಚೀಲಕ್ಕೆ ಹಾಕಬಾರದು ಅನ್ನುವುದನ್ನೂ ಅವರೇ ಕಲಿಸಿದರು. ಮೊದಲು ಒಳಗೆ ನೋಡಬೇಕು. ಒಂದರಲ್ಲಿ ತಳದ ನೀರಿನಲ್ಲಿ ಸತ್ತ ದುಂಬಿಗಳ ಕಪ್ಪು ಚಿಪ್ಪುಗಳು, ಮೇಲೆ ಕತ್ತಿನ ಹತ್ತಿರ ಇನ್ನೂ ಜೀವ ಇದ್ದ ಒಂದು. ಒಳಗೆ ಇಳಿಯುವುದು ಸಲೀಸು, ನುಣ್ಣನೆಯ ಗೋಡೆ ಹತ್ತಿ ಹೊರಬರಲು ಆಗುವುದಿಲ್ಲ. ಹುಲ್ಲಿನ ಕಡ್ಡಿ ಇಳಿಬಿಟ್ಟೆವು. ಸುಮಾರು ಹೊತ್ತು ಯೋಚನೆ ಮಾಡಿ ಹತ್ತಿಕೊಂಡು ಬಂತು. ಇಲಿ, ಹಲ್ಲಿಯಂಥವೂ ಹೀಗೆ ಸಿಕ್ಕಿಬಿದ್ದು ಸಾಯುತ್ತವಂತೆ.

ಹೋಗುವವರಿಗೆ ಕೆಲಸಕ್ಕೆ ಬರುವ ಒಂದೆರಡು ಮಾತು. ಹತ್ತುವಾಗ ಹಗುರವಾದದ್ದು ಆಯಿರಿ, ಭಾರದ್ದನ್ನು ದಾರಿ ಪಕ್ಕಕ್ಕೆ ಎಳೆದಿಟ್ಟು ಇಳಿಯುವಾಗ ತನ್ನಿ. ಏರಿನಲ್ಲಿ ನೆಲ ಕೈಗೆ ಹತ್ತಿರ ಇರುತ್ತದೆ, ಜಾಸ್ತಿ ಬಗ್ಗಬೇಕಿಲ್ಲ. ಇಳಿಯುವಾಗ ಪ್ರತಿ ಸಲ ಬಗ್ಗಿ ಎದ್ದರೆ ಮಂಡಿ ಕೈಕೊಡುತ್ತದೆ. ಒಡೆದ ಗಾಜಿಗೆ ಗಟ್ಟಿ ಡಬ್ಬ ಬೇರೆ ಇರಲಿ. ಚೀಲಕ್ಕೆ ಹಾಕಿದರೆ ಬೆನ್ನಿಗೆ ಚುಚ್ಚುತ್ತದೆ, ಚುಚ್ಚಿಸಿಕೊಂಡವನು ಹೇಳುತ್ತಿದ್ದೇನೆ. ಸಮಯದ ಲೆಕ್ಕವನ್ನು ದುಪ್ಪಟ್ಟು ಮಾಡಿ. ಮೂರು ಗಂಟೆಯ ದಾರಿ ನಮಗೆ ಆರು ಗಂಟೆ ಹಿಡಿಯಿತು.

ಹಣ್ಣಿನ ಸಿಪ್ಪೆ ಬಗ್ಗೆ ಗುಂಪಿನಲ್ಲಿ ಜಗಳವೇ ಆಯಿತು. "ಮಣ್ಣಿಗೆ ಮಣ್ಣಾಗುತ್ತೆ ಬಿಡಿ" ಅಂತ ಒಂದು ಪಕ್ಷ. ಆಗುತ್ತೆ, ಆದರೆ ತಿಂಗಳುಗಟ್ಟಲೆ ಬೇಕು. ಎತ್ತರದ ಚಳಿಗೆ ಇನ್ನೂ ನಿಧಾನ. ಅಷ್ಟರಲ್ಲಿ ವಾಸನೆ ಹಿಡಿದು ಪ್ರಾಣಿಗಳು ದಾರಿಗೆ ಬರುತ್ತವೆ, ಬ್ಯಾಗ್ ಕಿತ್ತುಕೊಳ್ಳುವುದು ಕಲಿಯುತ್ತವೆ. ನಾನು ಹೊತ್ತು ತರುವ ಪಕ್ಷ.

ಬ್ಯಾನರ್, ಟೀ ಶರ್ಟು ನಮ್ಮ ಗುಂಪಿನಲ್ಲಿ ಇರಲಿಲ್ಲ, ಪುಣ್ಯ. ಹಿಂದೊಮ್ಮೆ ಬೇರೊಂದು ಗುಂಪಿನ ಜೊತೆ ಹೋಗಿದ್ದೆ. ಕಸ ಆಯಲು ಬಂದ ಪ್ರತಿಯೊಬ್ಬರಿಗೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟೀ ಶರ್ಟು, ಹೊಸ ನೀರಿನ ಬಾಟಲಿ, ಒಂದು ದಿನದ ಗ್ಲೌಸು. ನಾವು ತಂದ ಕಸವೇ ಒಂದು ಚೀಲ ಆಗಿತ್ತು. ಫೋಟೋ ತೆಗೆದು ಚೀಲಗಳನ್ನೆಲ್ಲ ಬುಡದ ಕಸದ ಡಬ್ಬಿಯ ಪಕ್ಕ ಸಾಲಾಗಿ ಇಟ್ಟು ಹೊರಟೆವು. ಡಬ್ಬಿ ಮೊದಲೇ ತುಂಬಿ ತುಳುಕುತ್ತಿತ್ತು. ರಾತ್ರಿ ಗಾಳಿ, ನಾಯಿ, ಮಂಗ ಏನು ಮಾಡಿರಬಹುದು ಅಂತ ನೀವೇ ಊಹಿಸಿ.

ಈ ಸಲ ಚೀಲಗಳನ್ನು ಹಂಚಿಕೊಂಡು ಮನೆಗೇ ತಂದೆವು. ನನ್ನ ಪಾಲಿಗೆ ಬಂದದ್ದನ್ನು ಮರುದಿನ ಹಿತ್ತಲಲ್ಲಿ ಸುರಿದುಕೊಂಡು ವಿಂಗಡಿಸಿದೆ. ಬೆಟ್ಟ ಹತ್ತಿದ್ದಕ್ಕಿಂತ ಇದೇ ಕಷ್ಟ. ಬಾಟಲಿ, ಡಬ್ಬ, ಗಾಜು ಗುಜರಿಗೆ ಹೋದವು. ಬೆಳ್ಳಿ ಒಳಮೈ ಇರುವ ಪ್ಯಾಕೆಟ್ಟುಗಳನ್ನು ಗುಜರಿಯವರು ಬೇಡ ಅಂದರು. ಪ್ಲಾಸ್ಟಿಕ್ಕಿಗೆ ತೆಳು ಅಲ್ಯೂಮಿನಿಯಂ ಅಂಟಿರುತ್ತದೆ, ಬೇರೆ ಮಾಡುವುದು ಕಷ್ಟ. ಅವನ್ನೂ ಆ 83 ಚೂರುಗಳನ್ನೂ ಒಣ ಕಸಕ್ಕೆ ಕೊಟ್ಟೆ.

ಶೂ ಮಾತ್ರ ಇನ್ನೂ ಹಿತ್ತಲ ಗೋಡೆ ಮೇಲೆ ಒಣಗುತ್ತಿದೆ. ರಬ್ಬರು, ಬಟ್ಟೆ, ಅಂಟು, ಕಬ್ಬಿಣದ ಕೊಕ್ಕೆ ಎಲ್ಲ ಸೇರಿದ್ದನ್ನು ಯಾವ ಬುಟ್ಟಿಗೆ ಹಾಕುವುದು ಅಂತ ಗೊತ್ತಾಗುತ್ತಿಲ್ಲ. ನೀರಿಳಿದ ಮೇಲೆ ಎತ್ತಿ ನೋಡಿದೆ, ತೂಕವೇ ಇಲ್ಲ.