ಖಾಲಿ ಚೀಲದ ತೂಕ

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರು, ಸ್ತ್ರೀಯರ ಕೂಟದವರು, ಯೌವನಸ್ಥರು ಎಲ್ಲ ಸೇರಿ ಕೂತಿದ್ದೆವು. ವಿಷಯ ಒಂದೇ: ಆರಾಧನೆಯಲ್ಲಿ ಜೀವ ಕಾಣುತ್ತಿಲ್ಲ, ಏನು ಮಾಡೋಣ? ಕೀಬೋರ್ಡ್ ಹಳೆಯದಾಯಿತು ಎಂದರು ಒಬ್ಬರು. ಡ್ರಮ್ಸ್ ಇಲ್ಲದೆ ಹುಡುಗರು ಬರುವುದಿಲ್ಲ ಎಂದರು ಇನ್ನೊಬ್ಬರು. ಹಳೆಯ ರಾಗದ ಹಾಡುಗಳನ್ನು ಕೈಬಿಟ್ಟದ್ದರಿಂದಲೇ ಹೀಗಾಯಿತು ಎಂದು ಹಿರಿಯರೊಬ್ಬರು ಕಣ್ಣು ಒದ್ದೆ ಮಾಡಿಕೊಂಡರು. ನಮ್ಮ ಸಭಾಪಾಲಕರಾದ ಅಯ್ಯನವರು ಎಲ್ಲವನ್ನೂ ತಾಳ್ಮೆಯಿಂದ ಬರೆದುಕೊಂಡರು. ಎರಡು ಗಂಟೆ ಮಾತನಾಡಿದೆವು. ದೇವರ ಮನೆಯ ಮೇಲೆ ಪ್ರೀತಿಯಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ, ಅದು ನನಗೆ ಗೊತ್ತು. ಆದರೂ ರಾತ್ರಿ ಮನೆಯಲ್ಲಿ ಬೈಬಲಿನ ಆಮೋಸನ ಪುಸ್ತಕ ತೆರೆದು ಕೂತಾಗ, ನಾವು ಎರಡು ಗಂಟೆ ಬೇರೆ ಯಾವುದೋ ಕಾಯಿಲೆಗೆ ಮದ್ದು ಹುಡುಕುತ್ತಿದ್ದೆವು ಎನ್ನಿಸಿತು. ಅಂದಿನಿಂದ ಮನಸ್ಸು ನೆಲೆಗೆ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ಆಮೋಸನನ್ನು ಚಿಕ್ಕಮಗಳೂರಿನವರಿಗೆ ಪರಿಚಯ ಮಾಡಿಕೊಡುವುದು ಕಷ್ಟವಲ್ಲ. ಬೆತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವ ಅವನ ಊರು. ಕುರಿ ಕಾಯುತ್ತಿದ್ದ, ಅತ್ತಿಹಣ್ಣು ನೋಡಿಕೊಳ್ಳುತ್ತಿದ್ದ. ತಾನು ಪ್ರವಾದಿಯಲ್ಲ, ಪ್ರವಾದಿಗಳ ಮಂಡಲಿಯವನೂ ಅಲ್ಲ ಎಂದು 7ನೆಯ ಅಧ್ಯಾಯದಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಆ ನಾಡಿನ ಅತ್ತಿಮರ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಅತ್ತಿಯ ದಾಯಾದಿ. ಅದರ ಕಾಯಿಗಳನ್ನು ಚೂರಿಯಿಂದ ಒಂದೊಂದಾಗಿ ಗೀರಿ ಹಣ್ಣು ಮಾಡುವ ಪದ್ಧತಿ ಆ ಕಡೆಯ ದೇಶಗಳಲ್ಲಿ ಹಿಂದಿನಿಂದಲೂ ಇದೆ. ಕೈಗೆ ಮರದ ಹಾಲು ಅಂಟಿಸಿಕೊಂಡು ದುಡಿಯುವ ಇಂಥ ಮನುಷ್ಯನನ್ನು ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ, ಇಸ್ರಾಯೇಲಿನ ಅರಸ ಎರಡನೆಯ ಯಾರೊಬ್ಬಾಮನ ಕಾಲದಲ್ಲಿ, ದೇವರು ಮಂದೆಯ ಹಿಂದಿನಿಂದ ಕರೆದು ಆ ರಾಜ್ಯದ ಆರಾಧನೆಯ ಸ್ಥಳವಾದ ಬೇತೇಲಿಗೆ ಕಳಿಸಿದನು.

ಬೇತೇಲಿನಲ್ಲಿ ಆರಾಧನೆ ಒಣಗಿರಲಿಲ್ಲ. ಬೆಳಗಾದರೆ ಯಜ್ಞ, ತಪ್ಪದೆ ದಶಮಾಂಶ, ಹಬ್ಬದ ಮೇಲೆ ಹಬ್ಬ, ವೀಣೆ, ಹಾಡು. ನಮ್ಮ ಸಮಿತಿಯವರು ಅಲ್ಲಿಗೆ ಹೋಗಿ ನೋಡಿದ್ದರೆ ಇದೇ ನಮಗೆ ಬೇಕಾದದ್ದು ಎನ್ನುತ್ತಿದ್ದರು. ಅಂಥ ಸಭೆಯ ಎದುರು ನಿಂತು ಆಮೋಸ ದೇವರ ಬಾಯಾಗಿ ನುಡಿದ ಮಾತು 5ನೆಯ ಅಧ್ಯಾಯದಲ್ಲಿದೆ: ನಿಮ್ಮ ಹಬ್ಬಗಳು ನನಗೆ ಹೇಸಿಗೆ, ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ದೂರ ಮಾಡಿ, ನಿಮ್ಮ ವೀಣೆಯ ನಾದವನ್ನು ನಾನು ಕೇಳೆನು, ನ್ಯಾಯವು ಹೊಳೆಯಂತೆ ಹರಿಯಲಿ. ಆ ಕೊನೆಯ ಮಾತು ನಮಗೆಲ್ಲ ಬಾಯಿಪಾಠ. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲೂ ನೋಡಿದ್ದೇನೆ. ಆದರೆ ಮೂರು ಅಧ್ಯಾಯ ಮುಂದೆ ಹೋಗಿ 8ರ 5ನೆಯ ವಚನವನ್ನು ಯಾರೂ ಕ್ಯಾಲೆಂಡರಿಗೆ ಹಾಕಿದ್ದನ್ನು ನೋಡಿಲ್ಲ. ಅಮಾವಾಸ್ಯೆ ಯಾವಾಗ ಮುಗಿದೀತು, ಧಾನ್ಯ ಮಾರೋಣ. ಸಬ್ಬತ್ತು ಯಾವಾಗ ಕಳೆದೀತು, ಅಂಗಡಿ ತೆರೆಯೋಣ. ಅಳತೆಯನ್ನು ಕಿರಿದು ಮಾಡೋಣ, ತೂಕದ ಕಲ್ಲನ್ನು ಹೆಚ್ಚಿಸೋಣ, ಮೋಸದ ತ್ರಾಸಿನಿಂದ ವಂಚಿಸೋಣ ಎಂದು ವ್ಯಾಪಾರಿಗಳು ಆಡಿಕೊಳ್ಳುವ ಮಾತು ಅದು. ಅಮಾವಾಸ್ಯೆಯೂ ಸಬ್ಬತ್ತೂ ವ್ಯಾಪಾರ ನಿಲ್ಲಿಸಿ ಆರಾಧಿಸುವ ದಿನಗಳು.

ಇಲ್ಲಿರುವ ಎರಡು ಮೋಸಗಳನ್ನು ಬಿಡಿಸಿ ನೋಡಬೇಕು. ಧಾನ್ಯ ಅಳೆಯುವ ಏಫ ಸುಮಾರು 22 ಲೀಟರಿನ ಕೊಳಗ; ಅದನ್ನು ಚಿಕ್ಕದು ಮಾಡಿದರೆ ಕೊಳ್ಳುವವನಿಗೆ ಧಾನ್ಯ ಕಡಿಮೆ ಬೀಳುತ್ತದೆ. ಶೆಕೆಲ್ ಎಂದರೆ ಆ ಕಾಲಕ್ಕೆ ನಾಣ್ಯವಲ್ಲ, ಬೆಳ್ಳಿ ತೂಗುವ ಸುಮಾರು 11 ಗ್ರಾಮಿನ ಕಲ್ಲು. ಅದನ್ನು ಭಾರ ಮಾಡಿದರೆ ಅದೇ ಬಡವನ ಕೈಯಿಂದ ಬೆಳ್ಳಿ ಹೆಚ್ಚು ಬರುತ್ತದೆ. ಕೊಡುವಾಗ ಒಂದು ಮೋಸ, ತೆಗೆದುಕೊಳ್ಳುವಾಗ ಇನ್ನೊಂದು. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ, ಹೆಚ್ಚು ಕಡಿಮೆಯಾದ ಎರಡು ತೂಕ ನಿನ್ನ ಚೀಲದಲ್ಲಿ ಇರಬಾರದು ಎಂಬ ಆಜ್ಞೆಯಿದೆ. ಹೀಬ್ರೂ ಮೂಲದಲ್ಲಿ ಅಲ್ಲಿರುವ ಪದ ‘ಎಬೆನ್’, ಅಂದರೆ ಕಲ್ಲು. ನಾವೂ ತೂಕದ ಕಲ್ಲು ಎಂದೇ ಅನ್ನುತ್ತೇವೆ. ಕನ್ನಡಕ್ಕೆ ಪೂರ್ತಿ ಸತ್ಯವೇದ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ ನೆಲೆಸಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಈ ಕಲ್ಲಿನ ಮಾತು ನಮ್ಮದೇ ಭಾಷೆಯಲ್ಲಿ ಹತ್ತಿರ ಹತ್ತಿರ 200 ವರ್ಷಗಳಿಂದ ನಮ್ಮ ಮುಂದಿದೆ. ನನ್ನ ಬಾಲ್ಯದಿಂದ ಇಂದಿನವರೆಗೆ ಇದರ ಮೇಲೆ ಒಂದೇ ಒಂದು ಪ್ರಸಂಗ ಕೇಳಿದ ನೆನಪಿಲ್ಲ.

ಇನ್ನೂ ಒಂದು ಮಾತು. ಆ ವ್ಯಾಪಾರಿಗಳು ಸಬ್ಬತ್ತನ್ನು ಮೀರಿದವರಲ್ಲ. ಅಂಗಡಿ ಮುಚ್ಚಿ ಆರಾಧನೆಗೆ ಬಂದು ಕೂತವರೇ. ಹಾಡಿದವರೇ. ಆ ಹೊತ್ತಿನಲ್ಲಿ ಮನಸ್ಸು ತಕ್ಕಡಿಯ ಹತ್ತಿರ ಇತ್ತು, ಅಷ್ಟೇ. ಆ ವಚನ ಓದಿದಾಗೆಲ್ಲ ನನಗೆ ನಮ್ಮಪ್ಪ ನೆನಪಾಗುತ್ತಾರೆ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನಾನಾಗ ಏಳನೆಯ ತರಗತಿ. ರೊಬಸ್ಟಾ ಕೊಯ್ಲಿನ ಕಾಲ. ಸಂಜೆ ಐದಕ್ಕೆ ಕಣದ ಪಕ್ಕದ ಶೆಡ್ಡಿನಲ್ಲಿ ತೂಕ ಶುರುವಾಗುತ್ತಿತ್ತು. ಮೇಲಿನ ತೊಲೆಯಿಂದ ತಕ್ಕಡಿ ಇಳಿಬಿದ್ದಿರುತ್ತಿತ್ತು, ಅದರ ತುದಿಗೆ ಕೊಕ್ಕೆ. ಹೆಂಗಸರು ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹಣ್ಣಿನ ಚೀಲ ಹೊತ್ತು ಸಾಲಾಗಿ ಬರುತ್ತಿದ್ದರು. ಚಗಳಿ ಇರುವೆ ಕಚ್ಚಿದ ಕುತ್ತಿಗೆಗಳು, ಹಣ್ಣಿನ ರಸಕ್ಕೆ ಕಪ್ಪಾಗಿ ಅಂಟಾದ ಬೆರಳುಗಳು. ಮೇಸ್ತ್ರಿ ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದ, ಮುಳ್ಳು ನಡುಗುತ್ತಿತ್ತು, ಅದು ನಿಲ್ಲುವ ಮೊದಲೇ ಅಪ್ಪ ಅಂಕಿ ಕೂಗಿ ಪುಸ್ತಕಕ್ಕೆ ಬರೆಯುತ್ತಿದ್ದರು. ಚೀಲದ ತೂಕವೆಂದು ಎರಡು ಕೆಜಿ ಕಳೆದು ಬರೆಯಬೇಕೆಂದು ಆ ವರ್ಷ ಮೇಲಿನಿಂದ ಹೇಳಿಕೆ ಬಂದಿತ್ತು. ಕೆಜಿ ಲೆಕ್ಕದ ಕೂಲಿ. ದಿನಕ್ಕೆ ಎರಡು ಕೆಜಿ ಎಂದರೆ ಒಬ್ಬೊಬ್ಬರಿಗೆ ಏನು ಮಹಾ ಎಂದು ಯಾರಿಗೂ ಅನ್ನಿಸಲಿಲ್ಲ.

ಒಂದು ಸಂಜೆ ಕೂಲಿಯವರ ಲೈನಿನ ಮನೆಯ ಒಬ್ಬ ಅಜ್ಜಿ ಚೀಲ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. “ರೈಟರೇ, ಬರಿಯ ಚೀಲ ಎರಡು ಕೆಜಿ ತೂಗುತ್ತದೆಯೇ? ಒಮ್ಮೆ ತೂಗಿ ನೋಡಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳುವ ಹಾಗಿತ್ತು. ಅಪ್ಪ, “ಹೊತ್ತಾಯಿತಮ್ಮ, ಮುಂದೆ ನಡೆಯಿರಿ” ಎಂದರು. ಊಟವಾದ ಮೇಲೆ ಟಾರ್ಚ್ ಹಿಡಿದುಕೊಳ್ಳಲು ನನ್ನನ್ನು ಕರೆದುಕೊಂಡು ಶೆಡ್ಡಿಗೆ ಹೋದರು. ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲಗಳಲ್ಲಿ ತುಂಬ ಒದ್ದೆಯಾದದ್ದನ್ನೇ ಆರಿಸಿ ಕೊಕ್ಕೆಗೆ ಹಾಕಿದರು. ಮುಳ್ಳು ಒಂದನ್ನು ಮುಟ್ಟಲಿಲ್ಲ. ಇನ್ನೊಂದು ಚೀಲ ಹಾಕಿದರು. ಅದೂ ಮುಟ್ಟಲಿಲ್ಲ. ಟಾರ್ಚ್ ಹಿಡಿದು ನನ್ನ ಕೈ ನೋಯುವಷ್ಟು ಹೊತ್ತು ಅವರು ಆ ಮುಳ್ಳನ್ನೇ ನೋಡುತ್ತ ನಿಂತಿದ್ದರು.

ಮುಂದಿನ ಭಾನುವಾರ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನವಿತ್ತು. ನಮ್ಮ ಸಭೆಯಲ್ಲಿ ರಾಗ ಎತ್ತುತ್ತಿದ್ದವರೇ ಅಪ್ಪ. ಅಂದು ಅವರು ಹಾಡಲಿಲ್ಲ. ಸಾಲಾಗಿ ಎಲ್ಲರೂ ಎದ್ದು ಪೀಠದ ಮುಂದೆ ಮೊಣಕಾಲೂರಲು ಹೋದಾಗ ಅವರು ಬೆಂಚಿನ ಮೇಲೆಯೇ ಕೂತಿದ್ದರು. ಅಮ್ಮ ತೋಳು ಮುಟ್ಟಿದರು, ಅಪ್ಪ ಬೇಡವೆಂದು ತಲೆಯಾಡಿಸಿದರು. ಊರಿನವರು ಏನಾದರೂ ಅಂದುಕೊಂಡಾರು ಎಂದು ನನಗೆ ಅವಮಾನವಾಗಿತ್ತು. ಇವತ್ತು ನೆನೆದರೆ, ನನ್ನ ಜೀವನದಲ್ಲಿ ನಾನು ಕಂಡ ಅತಿ ಸತ್ಯವಾದ ಆರಾಧನೆ ಆ ಬೆಂಚಿನ ಮೇಲೆ ನಡೆಯಿತು.

ಸೋಮವಾರ ಅಪ್ಪ ಸಾಹುಕಾರರ ಹತ್ತಿರ ಹೋಗಿ, ಖಾಲಿ ಚೀಲ ಎಷ್ಟು ತೂಗುತ್ತದೆಯೋ ಅಷ್ಟನ್ನೇ ಕಳೆಯುತ್ತೇನೆ ಎಂದರು. ಎಲೆ ಕಡ್ಡಿಯ ಲೆಕ್ಕ ಬೇಡವೇ, ಎಲ್ಲ ಕಡೆಯೂ ಇರುವುದೇ ಅಲ್ಲವೇ ಎಂದು ಉತ್ತರ ಬಂತು. ಅಪ್ಪ ಹೆಚ್ಚು ವಾದಿಸಲಿಲ್ಲ. ಅಂದಿನ ಸಂಜೆ ತೂಕಕ್ಕೆ ಮೊದಲು ಎಲ್ಲರ ಮುಂದೆ ಖಾಲಿ ಚೀಲವನ್ನು ಕೊಕ್ಕೆಗೆ ಹಾಕಿ, ಆ ಅಜ್ಜಿಯನ್ನು ಕರೆದು ಎಷ್ಟು ತೋರಿಸುತ್ತದೆ ಓದಿ ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ಮೊಮ್ಮಗ ಓದಿದ. ಕೊಯ್ಲು ಮುಗಿಯುವವರೆಗೆ ಪ್ರತಿ ಸಂಜೆ ಹಾಗೆಯೇ ನಡೆಯಿತು. ಮರುವರ್ಷ ತೂಕದ ಕೆಲಸಕ್ಕೆ ಬೇರೆಯವರು ಬಂದರು, ಮತ್ತೊಂದು ವರ್ಷಕ್ಕೆ ನಾವು ತೋಟ ಬಿಟ್ಟು ಪೇಟೆ ಸೇರಿದೆವು. ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ತೂಕದ ಪುಸ್ತಕದಿಂದ ಹರಿದ ಒಂದು ಹಾಳೆ ಸಿಕ್ಕಿತು. ಎಡಗಡೆ ಹೆಂಗಸರ ಹೆಸರು, ಬಲಗಡೆ ಕೆಜಿ, ಕೆಳಗೆ ಒಟ್ಟು 912. ಆ ಹೇಳಿಕೆ ಬಂದ ದಿನದಿಂದ ಚೀಲ ತೂಗಿ ನೋಡಿದ ದಿನದವರೆಗೆ ಹೆಚ್ಚಿಗೆ ಕಳೆದದ್ದರ ಲೆಕ್ಕ. ಹನ್ನೊಂದು ಹೆಸರುಗಳ ಮುಂದೆ ಗುರುತು ಹಾಕಿದ್ದರು. ಉಳಿದವರದ್ದು ಉಳಿದೇ ಹೋಯಿತು ಎಂದು ಕಾಣುತ್ತದೆ. ರೈಟರಿನ ಸಂಬಳದಲ್ಲಿ ಅದಕ್ಕಿಂತ ಹೆಚ್ಚು ಆಗಿರಲಿಕ್ಕಿಲ್ಲ. ಆದರೆ ಆ ವರ್ಷದ ಈಸ್ಟರ್ ಭಾನುವಾರ ಅವರು ಎದ್ದು ಪೀಠದ ಮುಂದೆ ಹೋದದ್ದು ನನಗೆ ನೆನಪಿದೆ.

ಮತ್ತಾಯನ 5ನೆಯ ಅಧ್ಯಾಯದಲ್ಲಿ ಕರ್ತನು ಹೇಳುವ ಮಾತನ್ನು ಅಪ್ಪ ಅಕ್ಷರಶಃ ತೆಗೆದುಕೊಂಡಿದ್ದರು. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ, ಸಹೋದರನಿಗೆ ನನ್ನ ಮೇಲೆ ಏನೋ ವಿರೋಧ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಾ. ಯೇಸು ಇದನ್ನು ಹೇಳಿದ್ದು ಗಲಿಲಾಯದ ಬೆಟ್ಟದ ಮೇಲೆ. ವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್, ಮೂರು ನಾಲ್ಕು ದಿನದ ನಡಿಗೆ. ಅಷ್ಟು ದೂರ ನಡೆದು ಹೋದವನು, ತಂದ ಕುರಿಯನ್ನೋ ಪಾರಿವಾಳವನ್ನೋ ಅಲ್ಲೇ ಬಿಟ್ಟು, ಮತ್ತೆ ಊರಿಗೆ ನಡೆದು, ನೆರೆಯವನ ಬಾಗಿಲು ತಟ್ಟಿ, ಮತ್ತೆ ಹಿಂದಿರುಗಬೇಕು. ಹೆಚ್ಚು ಕಡಿಮೆ ಒಂದು ವಾರ ಆರಾಧನೆ ನಿಂತುಹೋಗಲಿ ಎನ್ನುತ್ತಾನೆ ಕರ್ತನು! ನಮ್ಮ ಸುಗ್ಗಿ ಹಬ್ಬದಲ್ಲಿ ಪೀಠದ ಮುಂದೆ ಕಾಫಿ, ಮೆಣಸು, ಬಾಳೆಗೊನೆ ರಾಶಿ ಬೀಳುವಾಗ ನನಗೆ ಈ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕು ಎಂಬ ಯೋಹಾನ 4ರ ಮಾತನ್ನು ನಾವು ಬಹಳ ಸಲ ಭಾವನೆಯ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಕಣ್ಣೀರು ಬಂದರೆ, ಕೈ ಮೇಲೆತ್ತಿದರೆ ಆತ್ಮೀಯ ಆರಾಧನೆ. ಕಣ್ಣೀರನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಾನೂ ಅತ್ತಿದ್ದೇನೆ. ಆದರೆ ಆ ಮಾತು ಯಾರಿಗೆ, ಯಾವಾಗ ಹೇಳಿದ್ದು ನೋಡಿ. ನಡುಮಧ್ಯಾಹ್ನ ಬಾವಿಗೆ ಬಂದ ಸಮಾರ್ಯದ ಹೆಂಗಸಿಗೆ. ಆರಾಧಿಸಬೇಕಾದದ್ದು ಗೆರಿಜ್ಜೀಮ್ ಬೆಟ್ಟದಲ್ಲೋ ಯೆರೂಸಲೇಮಿನಲ್ಲೋ ಎಂದು ಆಕೆ ಕೇಳುವ ಮುಂಚೆಯೇ, ಹೋಗಿ ನಿನ್ನ ಗಂಡನನ್ನು ಕರೆದುಕೊಂಡು ಬಾ ಎಂದಿದ್ದನು ಕರ್ತನು. ನನಗೆ ಗಂಡನಿಲ್ಲ ಎಂದಳು ಆಕೆ. ನೀನು ಹೇಳಿದ್ದು ನಿಜ ಎಂದನು. ಸತ್ಯದ ಆರಾಧನೆಯ ಪಾಠಕ್ಕೆ ಮೊದಲು ಆಕೆಯ ಬಾಯಿಂದ ಬಂದದ್ದು ತನ್ನ ಬದುಕಿನ ಬಗ್ಗೆ ಒಂದು ಸಣ್ಣ ನಿಜ.

ತೋಟದವರ ಕಷ್ಟ ನಿನಗೇನು ಗೊತ್ತು ಎಂದು ಕೇಳುವವರಿದ್ದಾರೆ. ಗೊತ್ತು. ನಮ್ಮ ಜಿಲ್ಲೆಯಲ್ಲಿ ನಾಲ್ಕೈದು ಎಕರೆಯ ಸಣ್ಣ ಬೆಳೆಗಾರರೇ ಹೆಚ್ಚು. ಕಣದಲ್ಲಿ ಹಣ್ಣು ಹರವಿದಾಗಲೇ ಅಕಾಲ ಮಳೆ ಬರುತ್ತದೆ, ಧಾರಣೆ ಕೈಕೊಡುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಕೂಲಿಯವರಿಗೆ ಕೊಟ್ಟ ಮೇಲೆ ತಮ್ಮ ಮಕ್ಕಳ ಫೀಸಿಗೆ ಸಾಲ ಮಾಡುವವರು ನಮ್ಮ ಸಭೆಯಲ್ಲೇ ಇದ್ದಾರೆ, ಅವರ ಕಾಲಿಗೆ ನಮಸ್ಕಾರ. ನಾನು ಹೇಳುತ್ತಿರುವುದು ಅವರಿಗಲ್ಲ. ಕೊಡುವ ಶಕ್ತಿಯಿದ್ದೂ ಹಿಡಿದಿಟ್ಟುಕೊಳ್ಳುವ ಹಣದ ಬಗ್ಗೆ. ತೋಟ ಇರುವವರಿಗೆ ಮಾತ್ರವೂ ಅಲ್ಲ. ಮನೆಗೆಲಸದವಳ ರಜೆಗೆ ಸಂಬಳ ಕಡಿಯುವ ನಮಗೂ.

ನಮ್ಮ ಸಭೆಯ ಕೊನೆಯ ಬೆಂಚಿನಲ್ಲಿ ಎರಡು ವರ್ಷದಿಂದ ಕೆಲವರು ಕೂರುತ್ತಾರೆ. ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕ್ರೈಸ್ತರು. ಕೂರಿಸುವಾಗ ಬಡವ ಸಿರಿವಂತ ಎಂದು ಭೇದ ಮಾಡಬೇಡಿ ಎನ್ನುವ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯ ಓದಿಯೂ ಅವರನ್ನು ಮುಂದೆ ಬಂದು ಕೂರಿ ಎಂದು ನಾವು ಕರೆದಿಲ್ಲ. ಅವರಿಗೆ ಕನ್ನಡ ಬಾರದು. ಆದರೆ ಹಳೆಯ ಹಾಡುಗಳ ರಾಗ ಅವರಿಗೂ ಗೊತ್ತು. ನಾವು ಕನ್ನಡದಲ್ಲಿ ಹಾಡುವಾಗ ಅದೇ ರಾಗಕ್ಕೆ ಅವರು ತಮ್ಮ ಮಾತಿನಲ್ಲಿ ಮೆಲ್ಲಗೆ ಹಾಡುತ್ತಾರೆ. ಹೋದ ಭಾನುವಾರ, ಆ ಕೂಟಕ್ಕೆ ಮೊದಲು, ನನ್ನ ವಯಸ್ಸಿನ ಒಬ್ಬಳನ್ನು ನನಗೆ ಬರುವಷ್ಟು ಹಿಂದಿಯಲ್ಲಿ ಮಾತನಾಡಿಸಿದೆ. ಐದು ವಾರದ ಕೂಲಿ ಬಂದಿಲ್ಲ ಎಂದಳು. ಕೇಳಿದರೆ ಕೊಯ್ಲು ಮುಗಿದ ಮೇಲೆ ಎನ್ನುತ್ತಾರಂತೆ. ಊರಿನಲ್ಲಿ ಮಗುವಿಗೆ ಹುಷಾರಿಲ್ಲ. ಆಮೇಲೆ ನಾನು ಒಳಗೆ ಹೋಗಿ ಎರಡು ಗಂಟೆ ಕೀಬೋರ್ಡಿನ ಮಾತು ಕೇಳಿಸಿಕೊಂಡು ಕೂತೆ. ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು.

ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆ ಎಂದು ಅದೇ ಯಾಕೋಬ 5:4ರಲ್ಲಿ ಬರೆಯುತ್ತಾನೆ. ನಮ್ಮ ಹಾಡು ಹೋಗುವುದೂ ಅದೇ ಕಿವಿಗೆ. ನಮ್ಮ ಆರಾಧನೆಯಲ್ಲಿ ಯಾಕೆ ಜೀವವಿಲ್ಲ ಎಂಬ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇದು. ಕೀಬೋರ್ಡ್ ಕೊಳ್ಳೋಣ, ನನ್ನ ಪಾಲಿನ ಹಣ ಕೊಡುತ್ತೇನೆ. ಅದಕ್ಕಿಂತ ಮೊದಲು ಈ ಬಾಕಿ ತೀರಲಿ.

ಆ ಕೂಲಿ ಕೊಡಬೇಕಾದವರು ಯಾರೆಂದು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಮತ್ತಾಯ 18ರಲ್ಲಿ ಕರ್ತನು ಹೇಳಿಕೊಟ್ಟ ಕ್ರಮ ಇದೆ: ಮೊದಲು ಒಬ್ಬರೇ ಹೋಗಿ ಮಾತನಾಡಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಬುಧವಾರ ನಾನೊಬ್ಬಳೇ ಹೋಗಿದ್ದೆ. ಕಾಫಿ ಕೊಟ್ಟರು, ನೋಡೋಣ ಎಂದರು. ಈ ಶನಿವಾರ ಸಂಜೆ ಮತ್ತೆ ಹೋಗುತ್ತೇನೆ, ಸ್ತ್ರೀಯರ ಕೂಟದ ಅಕ್ಕ ಒಬ್ಬರು ಜೊತೆಗೆ ಬರುತ್ತಾರೆ. ಅಯ್ಯನವರಿಗೂ ಹೇಳಿದ್ದೇನೆ, ಬರುತ್ತೇನೆ ಎಂದಿದ್ದಾರೆ. ಪ್ರಾರ್ಥನೆಯಲ್ಲಿ ನೆನೆಯಿರಿ.